ಮುನ್ನುಡಿ ಓದಿದವರು

ಜಯರಾಮಪ್ಪನ ಕವನ ಸಂಕಲನ ಅಚ್ಚಾಗಿ ಮೂರು ವರ್ಷವಾಗಿತ್ತು. ಮುನ್ನೂರು ಪ್ರತಿಯಲ್ಲಿ ಹನ್ನೊಂದು ಮಾತ್ರ ಮನೆ ಬಿಟ್ಟಿದ್ದವು. ಅವೂ ಮಾರಾಟವಾದವಲ್ಲ, ಅವನೇ ಕೈಯಾರೆ ಕೊಟ್ಟವು. ಉಳಿದವು ಮಂಚದ ಕೆಳಗೆ, ರಾಗಿ ಮೂಟೆಯ ಪಕ್ಕದಲ್ಲಿ, ಇಲಿಗಳ ಮರ್ಜಿಯಲ್ಲಿ ಬಿದ್ದಿದ್ದವು.

ಅಚ್ಚು ಹಾಕಿದವನು ಬೆಂಗಳೂರಿನ ಒಬ್ಬ ಪ್ರಕಾಶಕ. ಹೆಸರು ಬೇಡ, ಅಂಥವರಿಗೆ ಹೆಸರು ಬದಲಾಯಿಸುವುದು ಅಂಗಿ ಬದಲಾಯಿಸಿದಷ್ಟೇ ಸಲೀಸು. ‘ಉದಯೋನ್ಮುಖ ಲೇಖಕರಿಗೆ ಸದವಕಾಶ’ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ. ಅರ್ಧ ಖರ್ಚು ನಿಮ್ಮದು, ಅರ್ಧ ನಮ್ಮದು ಅಂದವನು ಕೊನೆಗೆ ಪೂರ್ತಿಯನ್ನೂ ಜಯರಾಮಪ್ಪನಿಂದಲೇ ಕಕ್ಕಿಸಿದ. ಬಂದ ಪುಸ್ತಕಗಳ ಅಂಚನ್ನೂ ಕತ್ತರಿಸಿರಲಿಲ್ಲ. ದೊಡ್ಡ ಹಾಳೆಯನ್ನು ಮಡಿಚಿ ಹೊಲಿದದ್ದು ಹಾಗೇ ಇತ್ತು. ಮಡಿಕೆಗೆ ಚಾಕು ತೂರಿಸಿ ಸೀಳಿಕೊಂಡೇ ಓದಬೇಕು. ಕಾಗದ ಬರೆದು ಕೇಳಿದ್ದಕ್ಕೆ ‘ವಿಲಾಯತಿಯಲ್ಲಿ ಉತ್ತಮ ಗ್ರಂಥಗಳು ಹೀಗೆಯೇ ಬರುತ್ತವೆ’ ಎಂದು ಉತ್ತರ ಬಂತು. ಜಯರಾಮಪ್ಪ ಅದನ್ನೂ ನಂಬಿದ. ನಂಬದೆ ಇನ್ನೇನು ಮಾಡುತ್ತಾನೆ, ದುಡ್ಡು ಕೊಟ್ಟಾಗಿತ್ತು.

ಇಷ್ಟಾದರೂ ಅವನಿಗೊಂದು ಸಮಾಧಾನವಿತ್ತು. ಅದು ಪುಸ್ತಕದ ಮುನ್ನುಡಿ. ಬರೆದವರು ಯಾರೋ ನಿವೃತ್ತ ಪ್ರಾಧ್ಯಾಪಕರು, ಹೆಸರಿಗಿಂತ ಉದ್ದದ ಪದವಿಗಳಿದ್ದವರು. ಅವರನ್ನು ಗೊತ್ತುಮಾಡಿದ್ದೂ ಪ್ರಕಾಶಕನೇ. ‘ಈ ಕೃತಿಯ ಪ್ರತಿಯೊಂದು ಸಾಲನ್ನೂ ಮೂರು ಮೂರು ಸಲ ಓದಿದೆ. ಒಂದು ಕಡೆಯಲ್ಲಿ ಕಣ್ಣು ಒದ್ದೆಯಾಗಿ ಪುಸ್ತಕ ಕೆಳಗಿಡಬೇಕಾಯಿತು. ಇಲ್ಲಿ ಒಂದಕ್ಷರ ತೆಗೆಯುವಂತಿಲ್ಲ, ಒಂದಕ್ಷರ ಸೇರಿಸುವಂತಿಲ್ಲ. ಇದನ್ನು ಬರೆದ ಕೈ ಸುಳ್ಳು ಹೇಳಲಾರದು.’ ಇಷ್ಟೂ ಜಯರಾಮಪ್ಪನಿಗೆ ಬಾಯಿಪಾಠವಾಗಿತ್ತು. ಪ್ರಾಧ್ಯಾಪಕರು ಪುಸ್ತಕ ಕೆಳಗಿಟ್ಟದ್ದು ಯಾವ ಪುಟದಲ್ಲಿ ಎಂಬುದೂ ಅವನಿಗೆ ಗೊತ್ತಿತ್ತು. ಮೂವತ್ತನಾಲ್ಕನೆಯ ಪುಟ, ತಮ್ಮ ಆಂಜಿನಪ್ಪನ ಮೇಲೆ ಬರೆದ ಪದ್ಯ.

ಜಯರಾಮಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಟೈಂ ಆಫೀಸಿನ ಗುಮಾಸ್ತ. ಕೆಳಗಿಳಿಯುವವರಿಗೆ ಕಿಟಕಿಯಿಂದ ಹಿತ್ತಾಳೆ ಬಿಲ್ಲೆ ಕೊಡುವುದು, ಮೇಲೆ ಬಂದಾಗ ಅದನ್ನು ವಾಪಸು ಇಸಿದುಕೊಂಡು ಮೊಳೆಗೆ ಹಾಕುವುದು ಅವನ ಕೆಲಸ. ಎಪ್ಪತ್ತೆಂಟನೇ ಇಸವಿಯಲ್ಲಿ ಅವನು ಅಲ್ಲೇ ಕ್ವಾರ್ಟರ್ಸಿನಲ್ಲಿದ್ದ. ಆಂಜಿನಪ್ಪ ಬಂಗಾರಪೇಟೆ ಪಕ್ಕದ ತಮ್ಮ ಹಳ್ಳಿಯಿಂದ ಮೊದಲ ರೈಲಿಗೆ ಬಂದು ಕೆಳಗಿಳಿಯುತ್ತಿದ್ದ. ಒಂದು ಬೆಳಗ್ಗೆ ಬಿಲ್ಲೆ ಇಸಿದುಕೊಳ್ಳುತ್ತಾ, "ಅಣ್ಣಾ, ಎಂಟಾಣೆ ಇದ್ರೆ ಕೊಡು, ಬನ್ನು ತಿಂತೀನಿ" ಅಂದ. ಹಿಂದೆ ಐವತ್ತು ಜನ ನಿಂತಿದ್ದರು. "ಆಮೇಲ್ ನೋಡಾಣ ಓಗಲಾ" ಅಂದ ಜಯರಾಮಪ್ಪ. ಹನ್ನೊಂದು ಗಂಟೆಗೆ ಒಳಗೆ ಬಂಡೆ ಸಿಡಿಯಿತು. ಸಂಜೆ ಸುದ್ದಿ ಹೊತ್ತು ಊರಿಗೆ ಹೋದಾಗ ಒಲೆಯ ಪಕ್ಕದಲ್ಲಿ ಆಂಜಿನಪ್ಪನ ಊಟದ ಕ್ಯಾರಿಯರ್ ತುಂಬಿದಂತೆಯೇ ಕೂತಿತ್ತು. ತಮ್ಮ ಹಸಿದುಕೊಂಡೇ ಸತ್ತ ಎಂಬುದು ಅವತ್ತು ಜಯರಾಮಪ್ಪನ ಎದೆಯೊಳಗೆ ಹೋಗಿ ಕೂತದ್ದು ಮತ್ತೆ ಎದ್ದಿರಲಿಲ್ಲ. ಮೂರು ವರ್ಷ ಕೂತು ಆ ಪದ್ಯ ಬರೆದ. ಉಳಿದ ಪದ್ಯಗಳು ಅದರ ಜೊತೆಗೆ ಸಂಖ್ಯೆಗೆ ಇರಲಿ ಎಂದು ಬರೆದವು. ಅದನ್ನು ಒಬ್ಬರಾದರೂ ಓದಬೇಕು ಎಂಬುದೊಂದೇ ಅವನ ಆಸೆ. ಆ ಒಬ್ಬರು ಪ್ರಾಧ್ಯಾಪಕರು.

ತಮ್ಮ ಹೋದ ಮೇಲೆ ಅವನು ಕ್ವಾರ್ಟರ್ಸು ಬಿಟ್ಟು ಊರಿಗೆ ಬಂದ. ಆಮೇಲೆ ದಿನಾ ಮಾರಿಕುಪ್ಪಂ ಪ್ಯಾಸೆಂಜರಿನ ಓಡಾಟ. ಡಬ್ಬಿಯ ಮುಕ್ಕಾಲು ಮಂದಿ ತಮಿಳಿನಲ್ಲಿ ಮಾತಾಡುತ್ತಾ ಇಸ್ಪೀಟು ಹಾಕುವವರು. ಅಂಥಲ್ಲಿ ಕನ್ನಡ ಬರೆಯುವ ಇಬ್ಬರು ಒಬ್ಬರಿಗೊಬ್ಬರು ಸಿಕ್ಕದೆ ಇರುತ್ತಾರೆಯೇ. ಇನ್ನೊಬ್ಬಾಕೆ ಗಂಗರತ್ನಮ್ಮ, ಆಂಡರ್ಸನ್‌ಪೇಟೆಯ ಶಾಲೆಯೊಂದರ ಕನ್ನಡ ಟೀಚರು, ಕಥೆ ಬರೆಯುತ್ತಿದ್ದಳು. ಜಯರಾಮಪ್ಪ ಆಕೆಗೆ ತನ್ನ ಪುಸ್ತಕ ಕೊಟ್ಟಿದ್ದ. ವಾರ ಬಿಟ್ಟು ಆಕೆ "ತುಂಬಾ ಚೆನ್ನಾಗಿದೆ" ಅಂದಿದ್ದಳು. ಆ ಖುಷಿಗೆ ಪ್ರಕಾಶಕನ ವಿಳಾಸವನ್ನೂ ಬರೆದುಕೊಟ್ಟಿದ್ದ. ತಪ್ಪಾದದ್ದು ಅಲ್ಲೇ.

ಎಂಬತ್ತನಾಲ್ಕರ ಡಿಸೆಂಬರಿನ ಒಂದು ಬೆಳಗ್ಗೆ ಗಂಗರತ್ನಮ್ಮ ರೈಲು ಹತ್ತುತ್ತಲೇ ಬ್ಯಾಗಿನಿಂದ ಒಂದು ಲಕೋಟೆ ತೆಗೆದಳು. ಇಸ್ಪೀಟಿನವನೊಬ್ಬ ಆಕೆಯ ಮುಖ ನೋಡಿ, "ಎನ್ನ ಟೀಚರಮ್ಮ, ಲಾಟ್ರಿ ಅಡಿಚ್ಚುದಾ?" ಎಂದು ಕೇಳಿದ. ಲಾಟರಿ ಹೊಡೆದವಳ ಹಾಗೇ ಇದ್ದಳು.

"ಜಯರಾಮಪ್ಪನೋರೆ, ನನ್ನ ಪುಸ್ತಕಕ್ಕೆ ಮುನ್ನುಡಿ ಬಂದೈತೆ. ಓದ್ತೀನಿ ಕೇಳಿ."

ಓದಿದಳು. ‘ಈ ಕೃತಿಯ ಪ್ರತಿಯೊಂದು ಸಾಲನ್ನೂ ಮೂರು ಮೂರು ಸಲ ಓದಿದೆ...’

ಆಕೆ ಓದುವುದಕ್ಕಿಂತ ಒಂದು ಮಾತು ಮುಂದೆಯೇ ಜಯರಾಮಪ್ಪನ ಮನಸ್ಸು ಹೋಗುತ್ತಿತ್ತು. ಕಣ್ಣು ಒದ್ದೆಯಾಯಿತು, ಪುಸ್ತಕ ಕೆಳಗಿಟ್ಟದ್ದಾಯಿತು. ಒಂದಕ್ಷರ ತೆಗೆಯುವಂತಿಲ್ಲ ಎಂಬುದೂ ಬಂತು. ಬರೆದ ಕೈ ಕೂಡ ಸುಳ್ಳು ಹೇಳಲಿಲ್ಲ. ಆಕೆ ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು.

"ಯಾರೋ ದೊಡ್ಡೋರು, ನನ್ನ ಕಥೇನ ಮೂರು ಸಲ ಓದವ್ರೆ. ಎಲ್ಲಾ ನಿಮ್ಮಿಂದಾನೆ. ಶನಿವಾರ ಉಳಿದಿದ್ದು ಮನಿಯಾರ್ಡರ್ ಮಾಡಿದ್ರೆ ಅಚ್ಚು ಶುರು ಅಂತೆ. ಒಂದು ಹಸು ಮಾರಿದ್ವಿ."

"ಒಳ್ಳೇದಾಯ್ತು," ಅಂದ ಜಯರಾಮಪ್ಪ.

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದ. ಬಿಲ್ಲೆ ಕೊಟ್ಟ, ಬಿಲ್ಲೆ ಇಸಿದುಕೊಂಡ. ಪ್ರಾಧ್ಯಾಪಕರು ಪದ್ಯ ಓದಿರಲಿಲ್ಲ. ಬಹುಶಃ ಪ್ರಾಧ್ಯಾಪಕರೇ ಇರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಇನ್ನೊಂದು ವಿಷಯ ಹೊಳೆಯಿತು. ಅವನ ಪುಸ್ತಕದ ಮೊದಲ ಮಡಿಕೆ ಸೀಳಿದ್ದರೂ ಸಾಕಿತ್ತು, ಗಂಗರತ್ನಮ್ಮನಿಗೆ ಈ ಮುನ್ನುಡಿಯ ಗುರುತು ಸಿಗಬೇಕಿತ್ತು. ತುಂಬಾ ಚೆನ್ನಾಗಿದೆ ಅಂದದ್ದು ರಟ್ಟಿನ ಮೇಲಿನ ಬಣ್ಣ ನೋಡಿಯೋ ಏನೋ. ಸಿಟ್ಟು ಬರಲಿ ಎಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಅನ್ನ ಉಂಡು ಡಬ್ಬಿ ತೊಳೆದಿಟ್ಟ.

ಮೂರು ದಿನ ಬಾಯಿ ಬಿಡಲಿಲ್ಲ. ಆಕೆಯನ್ನು ಎಚ್ಚರಿಸಬೇಕೆಂದರೆ ತಾನು ಮೋಸ ಹೋದೆ ಅನ್ನಬೇಕು. ನೀನು ನನ್ನ ಪುಸ್ತಕ ಓದೇ ಇಲ್ಲ ಎಂದು ಮುಖಕ್ಕೆ ಹಿಡಿದ ಹಾಗೂ ಆಗುತ್ತದೆ. ಸುಮ್ಮನಿದ್ದರೆ ಯಾರಿಗೂ ಮುಜುಗರವಿಲ್ಲ; ಹಸು ಹೋಗುತ್ತದೆ, ಅಷ್ಟೆ. ತಾನೂ ಕಳೆದುಕೊಂಡಿಲ್ಲವೇ ಎಂಬ ಕೆಟ್ಟ ಯೋಚನೆಯೂ ಬಂತು. ಬಂದದ್ದನ್ನು ಓಡಿಸುವಷ್ಟು ಚುರುಕೂ ಆ ದಿನಗಳಲ್ಲಿ ಅವನಲ್ಲಿರಲಿಲ್ಲ.

ಶುಕ್ರವಾರ ಸಂಜೆ, ವಾಪಸು ರೈಲು ಬಂಗಾರಪೇಟೆ ಹತ್ತಿರ ಬಂದಾಗ ಹೇಳಿದ.

"ಟೀಚರಮ್ಮ, ನಾಳೆ ದುಡ್ಡು ಕಳಿಸ್ಬೇಡಿ."

"ಯಾಕೆ?"

"ನಾನು ಕೊಟ್ಟ ಪುಸ್ತಕ ಮನೇಲೈತಾ? ಅದರ ಮುನ್ನುಡಿ ಓದಿ. ಆಮೇಲೆ ಕಳಿಸೋದಾದ್ರೆ ಕಳಿಸಿ."

"ಓದಿದ್ದೆನಲ್ಲ..." ಎಂದು ಶುರುಮಾಡಿದ ಗಂಗರತ್ನಮ್ಮ ಅಲ್ಲಿಗೇ ನಿಲ್ಲಿಸಿದಳು. ಇಬ್ಬರೂ ಕಿಟಕಿಯ ಆಚೆ ನೋಡುತ್ತಾ ಕೂತರು. ಆಚೆ ನೋಡುವಂಥದ್ದೇನೂ ಇರಲಿಲ್ಲ, ಗೂಡ್ಸು ಗಾಡಿ ನಿಂತಿತ್ತು.

ಸೋಮವಾರ ಆಕೆ ಪುಸ್ತಕವನ್ನು ಕೈಯಲ್ಲೇ ಹಿಡಿದು ಬಂದಳು. ಮುಖ ಕೆಂಪಗಾಗಿತ್ತು. "ಒಂದಕ್ಷರ ಬದಲಾಯಿಸಿಲ್ಲ ಆ ಮನೆಹಾಳ. ನೀವು ಹೇಳದೆ ಇದ್ದಿದ್ರೆ ನಾನು ಮುಳುಗೋಗ್ತಿದ್ದೆ. ದುಡ್ಡು ಕಳಿಸಲಿಲ್ಲ. ಎಲ್ಲಾರಿಗೂ ಕಾಗದ ಬರೀತೀನಿ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಪದ್ಯ ಓದ್ಬೇಕು ಅಂತಾನೇ ಇಟ್ಟಿದ್ದೆ, ಜಯರಾಮಪ್ಪನೋರೆ. ಶಾಲೆ, ಮನೆ, ಪುರುಸೊತ್ತೇ ಆಗ್ಲಿಲ್ಲ" ಅಂದಳು.

"ಇರ್ಲಿ ಬಿಡಿ," ಅಂದ. ಪುಸ್ತಕ ಕೈಗೆ ತೆಗೆದುಕೊಂಡು ನೋಡಿದ. ಮೊದಲ ಮಡಿಕೆಯನ್ನು ಬ್ಲೇಡಿನಿಂದ ನೀಟಾಗಿ ಕೊಯ್ದಿದ್ದಳು. ಅಲ್ಲಿಂದ ಮುಂದೆ ಪುಸ್ತಕ ಹುಟ್ಟಿದ ಹಾಗೇ ಇತ್ತು.

ಗಂಗರತ್ನಮ್ಮ ಮಾತಿಗೆ ತಪ್ಪುವವಳಲ್ಲ. ಕೋಲಾರ, ಮುಳಬಾಗಿಲು, ಮಾಲೂರು, ಚಿಂತಾಮಣಿ, ಎಲ್ಲೆಲ್ಲಿ ಬರೆಯುವವರು ಗೊತ್ತಿದ್ದರೋ ಅವರಿಗೆಲ್ಲ ಕಾರ್ಡು ಹಾಕಿದಳು. ಈ ಪ್ರಕಾಶಕನಿಗೆ ಹಸ್ತಪ್ರತಿ ಕಳಿಸಬೇಡಿ, ನಂಬಿಕೆಯಾಗದಿದ್ದರೆ ಜಯರಾಮಪ್ಪನವರ ಪುಸ್ತಕದ ಮುನ್ನುಡಿ ನೋಡಿ ಎಂದು ಕೆಳಗೆ ಅವನ ವಿಳಾಸ ಕೊಟ್ಟಳು. ಅವರು ಇನ್ನಷ್ಟು ಜನಕ್ಕೆ ಬರೆದರು. ಸಂಕ್ರಾಂತಿಯ ಹೊತ್ತಿಗೆ ಜಯರಾಮಪ್ಪನ ಮನೆಗೆ ದಿನಕ್ಕೊಂದು ಕಾರ್ಡು ಬರತೊಡಗಿತು. ಮೂರು ವರ್ಷದಲ್ಲಿ ಹನ್ನೊಂದು ಹೋಗಿದ್ದ ಪುಸ್ತಕ ಒಂದೇ ತಿಂಗಳಲ್ಲಿ ನಲವತ್ತು ಹೋಯಿತು. ಮಾಲೂರಿನಲ್ಲಿ ಬಚ್ಚಪ್ಪ ಎಂಬ ಕಾದಂಬರಿಕಾರ ಕೊಡಲಿದ್ದ ಕಂತನ್ನು ನಿಲ್ಲಿಸಿದ. ಚಿಂತಾಮಣಿಯವರೊಬ್ಬರ ನಾಟಕಕ್ಕೂ ಇದೇ ಮುನ್ನುಡಿ ಬಂದಿತ್ತಂತೆ, ಅವರು ಆಗಲೇ ಕಳೆದುಕೊಂಡಿದ್ದರು. ಎಲ್ಲರೂ ಜಯರಾಮಪ್ಪನಿಗೆ ಉಪಕಾರ ಸ್ಮರಿಸಿ ಬರೆದರು. ಪದ್ಯಗಳ ಬಗ್ಗೆ ಯಾರೂ ಒಂದು ಗೆರೆ ಬರೆಯಲಿಲ್ಲ. ಮುಳಬಾಗಿಲಿನವರೊಬ್ಬರು ಮರ್ಯಾದಸ್ಥರು, ‘ಉಪಯೋಗವಾಯಿತು, ಹಿಂತಿರುಗಿಸಿದ್ದೇನೆ’ ಎಂದು ಚೀಟಿಯಿಟ್ಟು ಪುಸ್ತಕವನ್ನೇ ವಾಪಸು ಕಳಿಸಿದರು. ಮೊದಲ ನಾಲ್ಕು ಪುಟದಲ್ಲಿ ಹೆಬ್ಬೆರಳಿನ ಕೊಳೆಯಿತ್ತು, ಉಳಿದ ಮಡಿಕೆಗಳು ಬಿಗಿಯಾಗಿಯೇ ಇದ್ದವು.

ಜಯರಾಮಪ್ಪನಿಗೆ ಇದರಿಂದ ದುಃಖವಾಯಿತೆಂದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಗಣಿಯ ಕೆಲಸದಲ್ಲಿ ಇದ್ದ ಹಾಗೆ ಇದರಲ್ಲೂ ಇದ್ದ. ಬಂದವರಿಗೆ ಕೊಟ್ಟ, ಪಟ್ಟಿಯಲ್ಲಿ ಗುರುತು ಹಾಕಿಕೊಂಡ. ಓದುವವರಿಗೆ ತೊಂದರೆ ಯಾಕೆಂದು ಪ್ರತಿ ಪುಸ್ತಕದ ಮೊದಲ ಮಡಿಕೆಯನ್ನು ತಾನೇ ಸೀಳಿ ಕಳಿಸತೊಡಗಿದ.

ಒಂದು ಭಾನುವಾರ ಬೆಳಗ್ಗೆ ಜಗುಲಿಯ ಮೇಲೆ ಚಾಕು ಹಿಡಿದು ಅದೇ ಕೆಲಸಕ್ಕೆ ಕೂತಿದ್ದ. ತಮ್ಮನ ಹೆಂಡತಿ ಆದಿಲಕ್ಷ್ಮಮ್ಮ ಡೈರಿಗೆ ಹಾಲು ಹಾಕಿ ಬಂದು, ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಆಕೆಗೆ ಓದು ಬರದು. ಬಾವನ ಮುಂದೆ ಹೆಚ್ಚು ಮಾತಾಡುವವಳೂ ಅಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದಳು.

"ಮುಂದುಗಡೆ ಮಾತ್ರ ಯಾಕ್ ಸೀಳ್ತೀರಾ ಬಾವ? ಇಂದ್ಗಡೆ ಏನೂ ಇಲ್ವಾ?"

"ಐತೆ."

"ಏನೈತೆ?"

ಜಯರಾಮಪ್ಪ ಚಾಕು ನಿಲ್ಲಿಸಿದ. ಆರು ವರ್ಷದಿಂದ ಒಂದೇ ಸೂರಿನ ಕೆಳಗೆ ಇದ್ದವಳು. ಪದ್ಯ ಬರೆದದ್ದೂ ಇದೇ ಜಗುಲಿಯ ಮೇಲೆ. "ಆಂಜಿನಪ್ಪನ್ ಮೇಲೆ ಒಂದು ಪದ ಐತಮ್ಮ," ಅಂದ.

ಆದಿಲಕ್ಷ್ಮಮ್ಮನ ಕೈ ಅವರೆಯ ಮೇಲೇ ನಿಂತಿತು. "ಓದಿ, ಕೇಳಾಣ."

ಮೂರನೆಯ ಮಡಿಕೆ ಸೀಳಿದ. ಹಾಜರಿ ಕೂಗುವ ದನಿಯಲ್ಲೇ ಓದಿದ.

‘ಹಸಿದ ಹೊಟ್ಟೆಯಲಿ ಇಳಿದ ನನ್ನ ತಮ್ಮ,
ಬನ್ನು ಕೇಳಿದವನ ಕೈಗೆ ಬಿಲ್ಲೆ ಕೊಟ್ಟೆ...’

ಮುಗಿಯುವ ತನಕ ಆಕೆ ಕೇಳಿದಳು. ಅಳಲಿಲ್ಲ. "ಬನ್ನು ಕೇಳಿದ್ರಾ?" ಎಂದು ಕೇಳಿದಳು.

"ಹೂಂ. ಎಂಟಾಣೆ ಕೊಡಲಿಲ್ಲ ನಾನು. ಕ್ಯಾರಿಯರ್ ಬೇರೆ ಮರ್ತು ಬಿಟ್ಟು ಬಂದಿದ್ದ."

"ಮರ್ತಿರ್ಲಿಲ್ಲ. ತಂಗ್ಳು ಮುದ್ದೆ ಎರಡು, ಮಜ್ಜಿಗೇಲಿ ಕಿವುಚ್ಕೊಂಡು, ಈರುಳ್ಳಿ ಕಚ್ಕೊಂಡು ಉಂಡು ಎದ್ರು ನಿಮ್ ತಮ್ಮ. ನಾನೇ ಇಕ್ಕಿದ್ದು. ಒಟ್ಟೆ ಭರ್ತಿ ಕಣೇ, ಕ್ಯಾರಿಯರ್ ಬ್ಯಾಡ, ಎರಡು ಗಂಟೆಗೆ ಪಾಳಿ ಬಿಟ್ಮೇಲೆ ಮನೇಗೇ ಬಂದು ಇದ್ನೇ ಉಣ್ತೀನಿ ಅಂದ್ರು."

"ಮತ್ತೆ ಬನ್ನು ಯಾಕೆ ಕೇಳ್ದ?"

"ಅವ್ರು ಯಾವತ್ತು ಬನ್ನು ಬ್ಯಾಡ ಅಂದವ್ರೆ? ಮದ್ವೆ ಊಟ ಉಂಡು ಬಂದೂ ಬನ್ನು ತಿನ್ನೋರು."

ಜಯರಾಮಪ್ಪ ಪುಸ್ತಕ ನೋಡುತ್ತಾ ಕೂತ. ಆರು ವರ್ಷ ಹೊತ್ತದ್ದು ಇಳಿದರೆ ಹಗುರವಾಗಬೇಕಿತ್ತು. ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿದ ಹಾಗೆ ಒಳಗೆ ಮುಟ್ಟಿ ನೋಡಿಕೊಂಡ, ಏನೂ ತಿಳಿಯಲಿಲ್ಲ. ಎಲ್ಲೋ ಬೆಂಗಳೂರಿನಲ್ಲಿ ಒಬ್ಬರು ಓದಲಿ ಎಂದು ಸಾಲ ಮಾಡಿ ಅಚ್ಚು ಹಾಕಿಸಿದ್ದ. ಒಲೆಯ ಮುಂದೆ ಇದ್ದವಳನ್ನು ಒಂದು ಮಾತು ಕೇಳಿರಲಿಲ್ಲ.

ಆದಿಲಕ್ಷ್ಮಮ್ಮನಿಗೆ ಬೇರೆ ಚಿಂತೆ ಹತ್ತಿತ್ತು. "ಉಂಡೋರ್ನ ಅಸ್ಕೊಂಡ್ ಇಳಿದ್ರು ಅಂತ ಬರ್ದಿದ್ದೀರಲ್ಲ ಬಾವ. ಊರೂರಿಗೆ ಬೇರೆ ಕಳಿಸ್ತಾ ಇದ್ದೀರಾ. ಎಂಡ್ತಿ ಒಂದು ತುತ್ತು ಇಕ್ಕದೆ ಕಳ್ಸಿದ್ಲು ಅಂತ ಅಂದ್ಕೊಳ್ಳಲ್ವಾ ಜನ?"

"ಅಂದ್ಕೊಳ್ಳಲ್ಲಮ್ಮ," ಅಂದ ಜಯರಾಮಪ್ಪ. "ಯಾರೂ ಅಲ್ಲೀವರ್ಗೂ ಓದಿಲ್ಲ."

"ಒಬ್ರೂ?"

"ಒಬ್ರೂ ಇಲ್ಲ."

"ಸದ್ಯ," ಅಂದಳು ಆದಿಲಕ್ಷ್ಮಮ್ಮ. ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಜಯರಾಮಪ್ಪ ಜೇಬಿನಿಂದ ಪೆನ್ನು ತೆಗೆದ. ಮೂವತ್ತನಾಲ್ಕನೆಯ ಪುಟದಲ್ಲಿ ‘ಹಸಿದ’ ಎಂಬುದನ್ನು ಹೊಡೆದು, ಮೇಲೆ ‘ಉಂಡ’ ಎಂದು ಬರೆದ. ಲಯ ಕೆಡಲಿಲ್ಲ, ಪದ್ಯ ಕೆಟ್ಟಿತು. ಅವತ್ತು ಹೋಗಬೇಕಾದ ಪ್ರತಿಗಳು ಇನ್ನೂ ಐದಿದ್ದವು. ಮುಂದಿನದನ್ನು ಎಳೆದುಕೊಂಡು, ಈ ಸಲ ಮೂರನೆಯ ಮಡಿಕೆಯನ್ನೇ ಮೊದಲು ಸೀಳಿದ.