ಎಡಗಡೆಯ ಸೊನ್ನೆ

೧.
ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ? ಕೀಯಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಕೋರ್ಟಿನಿಂದ ಶುರು ಮಾಡಿದರೆ ಕರವಸ್ತ್ರ ತೆಗೆಯುತ್ತೀರಿ. (ಎರಡು ಡ್ರಾಫ್ಟು ಹಾಗೇ ಹಾಳಾದವು. ಒಂದರಲ್ಲಂತೂ ಮೊದಲ ಸಾಲಿಗೇ ಗುಡುಗು ಹಾಕಿದ್ದೆ.) ಆದ್ದರಿಂದ ಮೊಂಡಿಯಿಂದಲೇ ಶುರು.

ಆ ಹೆಸರಿಟ್ಟವಳು ಅವಳ ಅಕ್ಕ. ಹಿಡಿದದ್ದನ್ನು ಬಿಟ್ಟ ಜಾಯಮಾನವೇ ಅಲ್ಲ ಮೊಂಡಿಯದು. ಸಂಬಳಕ್ಕೆ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಸಂತೋಷಕ್ಕೆ ಒಂದು ಓಪನ್ ಸೋರ್ಸ್ ಪ್ರೋಗ್ರಾಮನ್ನು. ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಊರಿಗೆಲ್ಲ ಬಿಟ್ಟಿಯಾದ ಸಾಫ್ಟ್‌ವೇರು. ಫೈಲುಗಳಿಗೆ ಬೀಗ ಹಾಕುವುದು ಅದರ ಕೆಲಸ. ತೆಗೆಯಲು ಪಾಸ್‌ವರ್ಡ್ ಒಂದೇ ಸಾಲದು. ಹೆಬ್ಬೆರಳಿನಷ್ಟಿರುವ ಸೆಕ್ಯುರಿಟಿ ಕೀಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಮುಟ್ಟಬೇಕು. ಪ್ರೋಗ್ರಾಮು ಪ್ರಶ್ನೆ ಕೇಳುತ್ತದೆ, ಕೀ ಉತ್ತರ ಕೊಡುತ್ತದೆ, ಬೀಗ ಬಿಚ್ಚಿಕೊಳ್ಳುತ್ತದೆ.

೨.
ಒಂದು ಬೆಳಿಗ್ಗೆ ಕೌನ್ಸೆಲರ್ ಒಬ್ಬರು ಮೊಂಡಿಗೆ ಫೋನು ಮಾಡಿದರು. ಮನೆಯೊಳಗೆ ಏಟು ತಿಂದ ಹೆಂಗಸರ ಮಾತು ಕೇಳಿ ದಾಖಲಿಸುವವರು ಆಕೆ. ಆ ಹೇಳಿಕೆಗಳೆಲ್ಲ ಈ ಪ್ರೋಗ್ರಾಮಿನ ಬೀಗದೊಳಗೆ. ಹಳೇ ಕಂಪ್ಯೂಟರು ಕೈಕೊಟ್ಟಿತು, ಹೊಸದಕ್ಕೆ ಹೊಸ ವರ್ಷನ್ ಹಾಕಿಸಿದರು. ಕೀ ಮಿನುಗಿತು, ಪ್ರೋಗ್ರಾಮು ಮಾತ್ರ ಇದರ ಗುರುತೇ ಇಲ್ಲ ಅಂದುಬಿಟ್ಟಿತು. ಬರುವ ವಾರ ಒಬ್ಬಾಕೆಯ ಮಕ್ಕಳು ಯಾರ ಬಳಿ ಇರಬೇಕೆಂಬ ವಿಚಾರಣೆ.

(ಹಳೇ ವರ್ಷನ್ನೇ ಹಾಕಿಕೊಳ್ಳಬಹುದಿತ್ತಲ್ಲ ಅನ್ನುತ್ತೀರಿ. ಹೊಸ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲ. ಓಡಿದ್ದರೆ ಕಥೆ ಇಲ್ಲಿಗೇ ಮುಗಿದು ನಾನೂ ಮನೆಗೆ ಹೋಗುತ್ತಿದ್ದೆ.)

ಆಗಿದ್ದು ಇಷ್ಟೇ: ಹಳೇ ಕೀಗಳ ಉತ್ತರದ ಧಾಟಿ ಒಂದು, ಹೊಸವುಗಳದು ಇನ್ನೊಂದು. ಒಬ್ಬರು ಇನಿಷಿಯಲ್ ಮೊದಲು ಹೇಳಿದರೆ ಇನ್ನೊಬ್ಬರು ಹೆಸರು ಮೊದಲು ಹೇಳಿದ ಹಾಗೆ. ಹಳೇ ಧಾಟಿಯನ್ನು ಕೈಬಿಟ್ಟವನು ದೊಡ್ಡಣ್ಣ, ಪ್ರೋಗ್ರಾಮನ್ನು ಹುಟ್ಟುಹಾಕಿದ ಹಿರಿಯ. ಖಳನಾಯಕನಲ್ಲ. (ಮಾಡಲು ನೋಡಿದೆ. ಮೀಸೆಯನ್ನೂ ಕೊಟ್ಟೆ. ನಿಲ್ಲಲಿಲ್ಲ.) ಎರಡು ಬಾಗಿಲಿಟ್ಟರೆ ಎರಡಕ್ಕೂ ಕಾವಲು ಬೇಕು, ಕಾಯಲು ಜನವಿಲ್ಲ ಎಂಬುದು ಅವನ ವಾದ. ನ್ಯಾಯವಾದದ್ದೇ.

೩.
"ಕೀ, ಫೈಲು ಎರಡನ್ನೂ ಕೊರಿಯರ್ ಮಾಡ್ತೀನಿ," ಅಂದರು ಕೌನ್ಸೆಲರ್. "ನೀವೇ ತೆಗೆದುಕೊಡಿ."

ನಾನಾಗಿದ್ದರೆ ಕೈಚಾಚುತ್ತಿದ್ದೆ. ಪರರ ಗುಟ್ಟೆಂದರೆ ಕಥೆ ಬರೆಯುವವರ ಬಾಯಲ್ಲಿ ನೀರೂರುತ್ತದೆ.

"ಬೇಡ ಮೇಡಂ," ಅಂದಳು ಮೊಂಡಿ. "ಅವರು ಅದನ್ನ ಹೇಳಿದ್ದು ನಿಮ್ಮ ಹತ್ರ, ನನ್ನ ಹತ್ರ ಅಲ್ಲ. ಕೀ ನಿಮ್ಮ ಕೈಯಲ್ಲೇ ಇರಲಿ. ದಾರಿ ನಾನು ಮಾಡ್ತೀನಿ."

ಇಲ್ಲಿ ಒಂದು ನಿಮಿಷ ಪೆನ್ನು ಕೆಳಗಿಟ್ಟೆ.

೩, ಮತ್ತೆ.
(ನಾಲ್ಕಕ್ಕೆ ಹೋಗುವಷ್ಟು ಕೆಲಸ ಇನ್ನೂ ಆಗಿಲ್ಲ.) ಮೊಂಡಿಯ ಬಳಿ ಹಳೇ ಕೀ ಇರಲಿಲ್ಲ, ಅಂಗಡಿಯಲ್ಲೂ ಈಗ ಸಿಗದು. ಕೀಗೆ ಅರ್ಥವಿಲ್ಲದ ಪ್ರಶ್ನೆ ಕೇಳುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದು ಕಳಿಸಿದಳು. ಕೌನ್ಸೆಲರ್ ಕೀ ಮುಟ್ಟಿ ಬಂದ ಉತ್ತರ ಕಳಿಸಿದರು. ಆ ಉತ್ತರದಿಂದ ಯಾವ ಬೀಗವೂ ತೆರೆಯದು, ಆದರೆ ಅದರ ಚಹರೆ ನೋಡಿ ಹಳೇ ಧಾಟಿ ತಿಳಿಯಿತು. ಹೊಸ ವರ್ಷನ್ನಿಗೆ ಅದನ್ನು ಓದಲು ಕಲಿಸಿದಳು. ಉತ್ಸಾಹದಲ್ಲಿ ಇಬ್ಬರೂ ನಿಜವಾದ ಫೈಲಿಗೇ ಕೈಹಾಕಿದರು.

ತೆರೆಯಲಿಲ್ಲ.

ಫೋನಿನ ಆ ಕಡೆಯಿಂದ ಆಕೆ, ಪರವಾಗಿಲ್ಲಮ್ಮ, ನಿಮ್ಮ ಕೈಲಾದದ್ದು ಮಾಡಿದಿರಿ ಅಂದರು. ಆ ಸಮಾಧಾನದ ಮಾತೇ ಮೊಂಡಿಗೆ ಮುಳ್ಳಾಯಿತು.

೪.
ಅವಳು ದೊಡ್ಡಣ್ಣನ ಮೊಟ್ಟಮೊದಲ ಕೋಡನ್ನು ಹುಡುಕಿ ತೆಗೆದು ಸಾಲುಸಾಲಾಗಿ ಓದಿದಳು. ಒಂದು ಕಡೆ ಉತ್ತರ ಗಿಡ್ಡವಾಗಿದ್ದರೆ ಅದರ ಮುಂದೆ ಸೊನ್ನೆ ಸೇರಿಸುವ ಸಾಲು. ಯಾಕೆಂಬ ವಿವರಣೆ ಇಲ್ಲ. ಫೋನು ಹಚ್ಚಿದಳು.

"ಅಣ್ಣಾ, ಈ ಸೊನ್ನೆ ಯಾಕೆ?"

ಅವನಿಗೆ ನೆನಪಾಗಲು ಹೊತ್ತು ಹಿಡಿಯಿತು. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ಹಳೇ ಕೀಗಳೂ ಅದನ್ನೇ ಕಲಿತಿದ್ದವು: ಉತ್ತರದ ತಲೆಯಲ್ಲಿ ಸೊನ್ನೆ ಬಂದರೆ ನುಂಗಿಬಿಡುತ್ತಿದ್ದವು. ಅರ್ಥವಿಲ್ಲದ ಪ್ರಶ್ನೆಯ ಉತ್ತರದಲ್ಲಿ ಸೊನ್ನೆ ಇರಲಿಲ್ಲ. ನಿಜವಾದ ಫೈಲಿನದರಲ್ಲಿ ಇದ್ದಿರಬೇಕು. ತಾನು ಕಾಣದ, ಕಾಣಲೊಲ್ಲದ ಒಂದು ಸಂಖ್ಯೆಯ ಮುಂದೆ ಸೊನ್ನೆ ಹಾಕುವ ಆ ಸಾಲನ್ನು ಹೊಸ ವರ್ಷನ್ನಿಗೆ ಸೇರಿಸಿ ಕಳಿಸಿದಳು ಮೊಂಡಿ.

ಈ ಸಲ ಫೋನಿನಲ್ಲಿ ಮೊದಲು ಕೇಳಿದ್ದು ಮೂಗು ಒರೆಸಿಕೊಳ್ಳುವ ಸದ್ದು. ಆಮೇಲೆ, "ತೆರೀತು ಕಣಮ್ಮ."

ದೊಡ್ಡಣ್ಣನ ಎರಡು ಬಾಗಿಲ ಚಿಂತೆಗೂ ಅವಳ ಬಳಿ ಉತ್ತರವಿತ್ತು: ಹಳೇ ಧಾಟಿಯಲ್ಲಿ ತೆಗೆಯಬಹುದು, ಬೀಗ ಹಾಕುವಂತಿಲ್ಲ, ಒಮ್ಮೆ ತೆಗೆದದ್ದಕ್ಕೆ ಬೀಳುವುದು ಹೊಸ ಬೀಗವೇ. ಅವನು ಓದಿ ನೋಡಿ, ಇದರ ಕಾವಲು ನನಗಿರಲಿ, ನೀನು ಹೋಗಿ ಊಟ ಮಾಡು ಅಂದ. ಸೊನ್ನೆ ಸೇರಿಸುವ ಸಾಲಿನ ಪಕ್ಕ ಕೊನೆಗೂ ಕಾರಣ ಬರೆದ.

೫.
ಈಗ ಅಂತ್ಯ. (ಅ) ತಾಯಿಗೆ ಮಕ್ಕಳು ಸಿಕ್ಕಿದರು. (ಆ) ಸಿಗಲಿಲ್ಲ, ಮೇಲಿನ ಕೋರ್ಟಿಗೆ ಹೋದರು. (ಇ) ವಿಚಾರಣೆ ಮುಂದಕ್ಕೆ ಹೋಯಿತು. ಯಾವುದು ನಿಜ ಅಂತ ಮೊಂಡಿಯನ್ನೇ ಕೇಳಿದೆ.

"ನಾನು ಕೇಳಿಲ್ಲ," ಅಂದಳು.

ಓದುಗರು ಕಾಯುತ್ತಿದ್ದಾರೆ ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ಮೂರನ್ನೂ ಹೊಡೆದುಹಾಕಿದೆ.

ಆದರೂ ಚಟ ಬಿಡಲಿಲ್ಲ. ಕೌನ್ಸೆಲರ್ ಹಿಂದೆ ಕೋರ್ಟಿನವರೆಗೂ ಹೋದೆ. ಆಕೆ ಒಳಗೆ ಹೋದರು, ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಕೂತಿದ್ದೇನೆ. ಇನ್ನೊಬ್ಬರಿಗೆ ಜಾಗವಿದೆ, ಬನ್ನಿ. ಒಳಗೇನಾಯಿತು ಅಂತ ಮಾತ್ರ ಕೇಳಬೇಡಿ.