ಜೊಂಡಿನ ಆಚೆ, ಈಚೆ

ಅಲ್ ಮುರಕ್ಕಬಾತ್‌ನ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಜಲಜಾಕ್ಷಿ ಇನ್ನಿಬ್ಬರು ಹೆಂಗಸರ ಜೊತೆ ಒಂದೇ ಕೋಣೆಯಲ್ಲಿದ್ದಳು. ಕಾಪುವಿನ ಕಡಲ ಬದಿಯ ಮೊಗವೀರರ ಮನೆಯವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆಯನ್ನೇ ನಂಬಿಕೊಂಡು ದುಬೈಗೆ ಬಂದಿದ್ದಳು. ಕಟ್ಟಡದ ಕೆಳಗೇ ಉಡುಪಿಯ ಧರ್ಮಪಾಲನ ಆಲ್ಟರೇಷನ್ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಾಯಿಸುವುದು, ಅಬಾಯಾದ ತೋಳು ಸರಿಪಡಿಸುವುದು ಅಲ್ಲಿ ಅವಳ ಕೆಲಸ.

ಕೋಣೆಗೆ ಅವಳ ನಂತರ ಬಂದವಳು ಕ್ಯಾರೊಲಿನ್, ಫಿಲಿಪೀನ್ಸ್‌ನವಳು, ಸೂಪರ್ ಮಾರ್ಕೆಟ್ಟಿನಲ್ಲಿ ಕ್ಯಾಶಿಯರ್. ಬಂದ ದಿನವೇ ಅವಳು "ಆತೆ, ಆತೆ" ಎಂದು ಕರೆಯತೊಡಗಿದಾಗ ಜಲಜಾಕ್ಷಿ, "ನಿನಗೆ ಕೊಡಲಿಕ್ಕೆ ನನ್ನ ಹತ್ರ ಮಗ ಇಲ್ಲ ಮಾರಾಯ್ತಿ, ನಾನು ಹೇಗೆ ಅತ್ತೆ ಆದೆ?" ಎಂದು ನಕ್ಕಿದ್ದಳು. ಅವರ ಭಾಷೆಯಲ್ಲಿ ಆ ಮಾತಿಗೆ ಅಕ್ಕ ಎಂದರ್ಥವೆಂದು ಗೊತ್ತಾದ ಮೇಲೆ, "ಹಾಗಾದರೆ ಅಕ್ಕ ಅಂತಲೇ ಕರಿ" ಎಂದಳು. ಅಂದಿನಿಂದ ಅವಳು ಅಕ್ಕನೇ ಆದಳು. ಇಂಗ್ಲಿಷು, ಹಿಂದಿ, ಕೈಸನ್ನೆ, ಎಲ್ಲ ಸೇರಿಸಿ ಅವರ ಮಾತು ನಡೆಯುತ್ತಿತ್ತು.

ರಮ್ಜಾನ್ ಮುಗಿದ ಮೇಲೆ ಮೂರನೆಯ ಮಂಚಕ್ಕೆ ನಫೀಸ ಬಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಸಣ್ಣ ಆಳು, ಮಾತು ಕಡಿಮೆ. ಅವಳೂ ಫಿಲಿಪೀನ್ಸ್‌ನವಳೇ ಎಂದು ತಿಳಿದು ಜಲಜಾಕ್ಷಿಗೆ ಖುಷಿಯಾಯಿತು. ಇಬ್ಬರಿಗೂ ಊರಿನ ಮಾತಾಡಲು ಜೊತೆಯಾಯಿತಲ್ಲ ಎಂದುಕೊಂಡಳು. ಆದರೆ ನಫೀಸ ತನ್ನ ಊರಿನ ಹೆಸರು ಹೇಳಿದ್ದೇ ತಡ, ಕ್ಯಾರೊಲಿನ್‌ಳ ಮುಖ ಕಪ್ಪಿಟ್ಟಿತು.

"ಗಂಡ ಏನು ಮಾಡ್ತಾನೆ?" ಎಂದು ಕೇಳಿದಳು.

ನಫೀಸ ತಲೆ ತಗ್ಗಿಸಿ ಚೀಲ ಬಿಚ್ಚತೊಡಗಿದಳು. ಕ್ಯಾರೊಲಿನ್ ಎದ್ದು ತನ್ನ ಮಂಚದ ಪರದೆ ಎಳೆದುಕೊಂಡಳು.

ಕಾರಣ ಜಲಜಾಕ್ಷಿಗೆ ಆಮೇಲೆ ಗೊತ್ತಾಯಿತು. ಆ ದೇಶದ ದಕ್ಷಿಣ ತುದಿಯ ಒಂದು ದೊಡ್ಡ ಜೌಗಿನ ಈ ದಡದಲ್ಲಿ ಕ್ಯಾರೊಲಿನ್‌ಳ ಊರು, ಆ ದಡದಲ್ಲಿ ನಫೀಸಳ ಊರು. ನಡುವೆ ಆಳೆತ್ತರಕ್ಕೆ ಬೆಳೆದ ಜೊಂಡು. ನಫೀಸಳ ಗಂಡ ಅರ್ಶದ್, ತಮ್ಮ ಜನಕ್ಕೆ ಬೇರೆ ನಾಡು ಬೇಕೆಂದು ಬಂದೂಕು ಹಿಡಿದವರಲ್ಲೊಬ್ಬ. ಏಳೆಂಟು ಜನರ ಒಂದು ತುಕಡಿಗೆ ಅವನು ಮುಖಂಡ. ಕ್ಯಾರೊಲಿನ್‌ಳ ಅಣ್ಣ ವಿಲ್ಸನ್ ಸರ್ಕಾರದ ಸೈನಿಕನಾಗಿದ್ದ. ಕೆಲವು ವರ್ಷಗಳ ಹಿಂದೆ ಜೊಂಡಿನೊಳಗಿಂದ ಬಂದ ಗುಂಡಿಗೆ ಸತ್ತ. ಈಗ ಅವಳ ತಮ್ಮ ರೇಮಂಡ್ ಅದೇ ಜೌಗಿನ ಅಂಚಿನ ಠಾಣೆಯಲ್ಲಿದ್ದಾನೆ. ಹೋದ ವರ್ಷದಿಂದ ಕದನವಿರಾಮ. ಎರಡೂ ಕಡೆಯವರು ಬಂದೂಕು ಕೆಳಗಿಟ್ಟಿಲ್ಲ, ಹಾರಿಸುತ್ತಲೂ ಇಲ್ಲ.

"ಎಂತ ಜಲಜಕ್ಕ, ನಿಮ್ಮ ರೂಮಲ್ಲಿ ಯುದ್ಧ ಶುರುವಾಗಿದೆಯಂತೆ?" ಎಂದ ಧರ್ಮಪಾಲ, ಕತ್ತರಿ ಆಡಿಸುತ್ತ.

"ಯುದ್ಧ ಅಲ್ಲ ಧರ್ಮಣ್ಣ. ಇಬ್ಬರೂ ಮಾತೇ ಆಡುವುದಿಲ್ಲ. ಅದಕ್ಕಿಂತ ಯುದ್ಧವೇ ವಾಸಿ."

"ಒಬ್ಬಳನ್ನು ಬೇರೆ ಕಡೆ ಹೋಗ್ಲಿಕ್ಕೆ ಹೇಳಿ. ನಮಗೆ ಯಾಕೆ ಬೇಕು ಊರಿನವರ ರಗಳೆ?"

"ಯಾರಿಗೆ ಹೇಳುವುದು? ಒಬ್ಬಳಿಗೆ ಅಣ್ಣ ಇಲ್ಲ. ಇನ್ನೊಬ್ಬಳ ಗಂಡ ಇವತ್ತು ಇದ್ದಾನೆ, ನಾಳೆಯ ಮಾತು ಗೊತ್ತಿಲ್ಲ. ಇಬ್ಬರೂ ಇರಲಿ."

ಅವರಿಬ್ಬರ ನಡುವಿನ ಬಿಗಿ ಸಡಿಲವಾದದ್ದು ಅಡುಗೆಮನೆಯಲ್ಲಿ. ಜಲಜಾಕ್ಷಿ ಬಂಗುಡೆ ಸಾರು ಮಾಡುತ್ತಿದ್ದಾಗ ನಫೀಸ ಹತ್ತಿರ ಬಂದು, ತೆಂಗಿನಕಾಯಿಯನ್ನು ಇನ್ನೂ ಕಪ್ಪಗಾಗುವಷ್ಟು ಸುಡಲೇ ಎಂದು ಕೇಳಿದಳು. ಸುಟ್ಟಳು, ಅರೆದಳು, ಸಾರಿಗೆ ಹಾಕಿದಳು. ವಾಸನೆಗೆ ಪರದೆ ಸರಿಯಿತು. ಕ್ಯಾರೊಲಿನ್ ತಟ್ಟೆ ಹಿಡಿದು ಬಂದು ಉಂಡಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡಾಗ, "ಅಮ್ಮ ನಿಮ್ಮ ಕಡೆಯವರಿಂದಲೇ ಇದನ್ನು ಕಲಿತದ್ದು. ಆಗ ದೋಣಿಯಲ್ಲಿ ಹೋಗಿ ಬರುತ್ತಿದ್ದರು" ಎಂದಳು ನಫೀಸಳಿಗೆ. ಅದು ಅವಳು ನಫೀಸಳಿಗೆ ಹೇಳಿದ ಮೊದಲ ಒಳ್ಳೆಯ ಮಾತು.

ಅಲ್ಲಿಂದ ನಫೀಸ ಸ್ವಲ್ಪ ಸ್ವಲ್ಪವೇ ಬಾಯಿ ಬಿಟ್ಟಳು. ಬೇರೆ ಹೆಂಗಸರು ಗಂಡನ ಆಫೀಸಿನ ಸಂಗತಿ ಹೇಳುವಂತೆ ಅವಳು ತುಕಡಿಯ ಸಂಗತಿ ಹೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವರ ಜೊತೆಯೇ ಅಲೆದಿದ್ದಳಂತೆ. ಒಂದು ಕಡೆ ಎರಡು ರಾತ್ರಿ ಮಲಗುವ ಹಾಗಿಲ್ಲ. ಅಕ್ಕಿಯನ್ನು ಒಬ್ಬನೇ ಹೊರುವಂತಿಲ್ಲ. ಅವನು ಸಿಕ್ಕಿಬಿದ್ದರೆ ಉಳಿದವರು ಉಪವಾಸ ಬೀಳಬಾರದೆಂದು ಎಲ್ಲರ ಸೊಂಟಕ್ಕೂ ಒಂದೊಂದು ಗಂಟು. ಹೊಂಚು ಕೂತಾಗ ಇಬ್ಬರು ಜೌಗು ದಾಟುವ ಮಣ್ಣಿನ ಒಡ್ಡಿನ ಈ ಬದಿಗೆ, ಇಬ್ಬರು ಮುಂದಿನ ತಿರುವಿನಲ್ಲಿ, ಒಬ್ಬ ಹಿಂದೆ ದೋಣಿಯ ಹತ್ತಿರ. ಹೊಡೆಯುವುದಕ್ಕಿಂತ ಮೊದಲು ತಪ್ಪಿಸಿಕೊಳ್ಳುವ ದಾರಿ ನೋಡಿಕೊಳ್ಳಬೇಕು. ಆ ದಾರಿ ಜೊಂಡಿನೊಳಗಿನ ಒಂದು ನೀರುಹಾದಿ. ಅದು ಹೊರಗಿನ ಯಾರಿಗೂ ಗೊತ್ತಿಲ್ಲ.

"ಈಗ ಅವನ ಕೆಲಸ ಏನು ಗೊತ್ತಾ?" ಎಂದು ಒಮ್ಮೆ ನಕ್ಕಳು. "ಹುಡುಗರು ಹಾರಿಸದ ಹಾಗೆ ನೋಡಿಕೊಳ್ಳುವುದು. ಹಾರಿಸುವುದು ಕಲಿಸುವುದಕ್ಕಿಂತ ಅದೇ ಕಷ್ಟವಂತೆ."

ಕ್ಯಾರೊಲಿನ್ ಇದನ್ನೆಲ್ಲ ಬಟ್ಟೆ ಮಡಚುತ್ತ ಕೇಳುತ್ತಿದ್ದಳು. ನಗುತ್ತಿರಲಿಲ್ಲ, ಎದ್ದು ಹೋಗುತ್ತಲೂ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮೂವರಿಗೂ ರಜೆ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಏಸಿ ಗುರುಗುಟ್ಟುತ್ತಿತ್ತು. ಫಿಲಿಪೀನ್ಸ್‌ನಲ್ಲಿ ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ. ಬೆಳಿಗ್ಗೆ ಅರ್ಶದ್, "ಇವತ್ತು ಫೋನ್ ಮಾಡಬೇಡ" ಎಂದಷ್ಟೇ ಮೆಸೇಜು ಕಳಿಸಿದ್ದ. ನಫೀಸಳಿಗೆ ಅದರ ಅರ್ಥ ಗೊತ್ತಿತ್ತು. ಅವರು ಜೊಂಡಿನಲ್ಲಿ ಕೂತಿದ್ದಾರೆ, ಫೋನು ಬಂದ್. ಎಲ್ಲೆ ದಾಟಿ ಸೈನ್ಯ ಬರುತ್ತದೆಂದು ಯಾರೋ ಸುದ್ದಿ ಹಬ್ಬಿಸಿರಬೇಕು.

ಆಗ ಕ್ಯಾರೊಲಿನ್‌ಳ ಫೋನಿಗೆ ರೇಮಂಡ್‌ನ ಧ್ವನಿ ಮೆಸೇಜು ಬಂತು. ಮಳೆಯ ಸದ್ದಿನ ನಡುವೆ ಅವನು ಅವಸರದಲ್ಲಿ ಮಾತಾಡುತ್ತಿದ್ದ. ಕೇಳುತ್ತ ಕೇಳುತ್ತ ನಫೀಸ ಮಂಚದಿಂದ ಎದ್ದು ನಿಂತಳು.

"ಏನಂತೆ?" ಎಂದಳು ಜಲಜಾಕ್ಷಿ.

"ಠಾಣೆಯಲ್ಲಿ ಒಬ್ಬನಿಗೆ ಹಾವು ಕಚ್ಚಿದೆ ಅಕ್ಕ. ರಸ್ತೆ ನೀರಲ್ಲಿ ಮುಳುಗಿದೆ. ಶಾಂತಿ ನೋಡಿಕೊಳ್ಳುವ ಕಮಿಟಿಗೆ ತಿಳಿಸೋಣ ಅಂದರೆ ಅವರ ಫೋನೇ ಸಿಗ್ತಾ ಇಲ್ಲವಂತೆ. ಅವನನ್ನು ಜೀಪಿಗೆ ಹಾಕಿಕೊಂಡು ಪೂರ್ವದ ಒಡ್ಡಿನ ಮೇಲೆ ಆಸ್ಪತ್ರೆಗೆ ಹೋಗ್ತಾರಂತೆ. ದೀಪ ಆರಿಸಿಕೊಂಡು ಹೋಗ್ತೀವಿ, ಪ್ರಾರ್ಥನೆ ಮಾಡು ಅಂದ."

"ಬೇಡ" ಎಂದಳು ನಫೀಸ. "ದೀಪ ಆರಿಸಬಾರದು. ಆ ಒಡ್ಡಿನ ಮೇಲೆ ಹೋಗಲೇಬಾರದು."

ಕ್ಯಾರೊಲಿನ್ ಅವಳ ಮುಖ ನೋಡಿದಳು. "ಅಲ್ಲಿ ಯಾರಿದ್ದಾರೆ?"

ನಫೀಸ ಕಣ್ಣು ಮುಚ್ಚಿಕೊಂಡಳು. ಅದೊಂದು ಮಾತು ಬಾಯಿಂದ ಹೊರಗೆ ಬಿದ್ದರೆ ಗಂಡ ಕೂತ ಜಾಗವನ್ನು ಸೈನ್ಯಕ್ಕೆ ಹೇಳಿದಂತೆ. ಆದರೂ ಹೇಳಿದಳು. "ಅರ್ಶದ್ ಇದ್ದಾನೆ. ಒಡ್ಡು ತಿರುಗುವಲ್ಲಿ. ಫೋನು ಬಂದ್ ಮಾಡಿದ ದಿನ ಅವರು ಕೂರುವುದು ಅಲ್ಲೇ. ಕತ್ತಲಲ್ಲಿ ದೀಪ ಆರಿಸಿಕೊಂಡು ಸೈನ್ಯದ ಜೀಪು ಬಂದರೆ ಅವರು ಬೇರೇನು ತಿಳಿದುಕೊಳ್ಳುತ್ತಾರೆ?"

ಕ್ಯಾರೊಲಿನ್ ಫೋನನ್ನು ಎದೆಗೆ ಒತ್ತಿ ಹಿಡಿದಳು. ನಫೀಸ ಹತ್ತಿರ ಬಂದು ಅವಳ ಮೊಣಕೈ ಹಿಡಿದಳು.

"ನಾನು ಹೇಳಿದ ಹಾಗೆ ಮಾಡಲಿಕ್ಕೆ ಹೇಳು. ತಿರುವಿಗೆ ಮೊದಲೇ ಜೀಪು ನಿಲ್ಲಿಸಲಿ. ಒಳಗಿನ ದೀಪ ಹಾಕಲಿ, ಮಲಗಿದವನು ಕಾಣಬೇಕು. ಒಬ್ಬ ಮಾತ್ರ ಇಳಿದು ಮುಂದೆ ನಡೆಯಲಿ. ಹೆಲ್ಮೆಟ್ ಬೇಡ, ಬಂದೂಕು ಬೇಡ. ಟಾರ್ಚನ್ನು ತನ್ನ ಮುಖಕ್ಕೇ ಹಿಡಿದುಕೊಳ್ಳಲಿ. ಬೆಳಕು ಹಿಡಿದು ಒಬ್ಬನೇ ಬಂದವನ ಮೇಲೆ ಹಾರಿಸಬಾರದು ಅಂತ ಅರ್ಶದ್‌ನ ಕಟ್ಟಪ್ಪಣೆ. ಕೊಲ್ಲಲಿಕ್ಕೆ ಬರುವವನು ಮುಖ ತೋರಿಸುವುದಿಲ್ಲವಂತೆ."

"ಆ ಒಬ್ಬ ರೇಮಂಡೇ ಆಗಿರುತ್ತಾನೆ. ಬೇರೆಯವರನ್ನು ಕಳಿಸುವವನಲ್ಲ ಅವನು" ಎಂದಳು ಕ್ಯಾರೊಲಿನ್. "ವಿಲ್ಸನ್ ಅಣ್ಣ ಸತ್ತದ್ದೂ ಅಂಥದ್ದೇ ಒಡ್ಡಿನ ಮೇಲೆ. ಅವತ್ತು ನಿನ್ನ ಗಂಡ ಅಲ್ಲಿದ್ದನಾ?"

"ಗೊತ್ತಿಲ್ಲ. ನಾನು ಕೇಳಿಲ್ಲ. ಕೇಳಲಿಕ್ಕೆ ಹೆದರಿಕೆ."

ಕ್ಯಾರೊಲಿನ್ ಜಲಜಾಕ್ಷಿಯ ಕಡೆ ತಿರುಗಿದಳು. "ಅಕ್ಕ, ಇವಳನ್ನು ನಂಬಲಾ?"

ಜಲಜಾಕ್ಷಿಗೆ ಬಂದೂಕಿನ ವಿಷಯ ಏನೂ ಗೊತ್ತಿರಲಿಲ್ಲ. ನಫೀಸಳ ತುಟಿ ಬಿಳುಚಿಕೊಂಡಿದ್ದು ಮಾತ್ರ ಅವಳಿಗೆ ಕಾಣುತ್ತಿತ್ತು. "ಅವಳು ತನ್ನ ಗಂಡನನ್ನು ಆಗಲೇ ನಿನ್ನ ಕೈಗೆ ಕೊಟ್ಟಾಯ್ತು ಮಗಾ" ಎಂದಳು. "ನಿನ್ನ ತಮ್ಮ ಮನಸ್ಸು ಮಾಡಿದರೆ ಈಗಲೇ ಅವನನ್ನು ಮುಗಿಸಬಹುದು. ಮೋಸ ಮಾಡುವವಳು ಹಾಗೆ ಕೊಡ್ತಾಳಾ? ಹೇಳು, ಬೇಗ ಹೇಳು."

ಮೂರು ಸಲ ಪ್ರಯತ್ನಿಸಿದ ಮೇಲೆ ರೇಮಂಡ್ ಸಿಕ್ಕಿದ. ಕ್ಯಾರೊಲಿನ್ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅವನು ಏನೋ ಕೇಳಿದ. ಅವಳು ನಫೀಸಳ ಕಡೆ ನೋಡಿದಳು. "ಅವರು ನನ್ನನ್ನು ಯಾಕೆ ನಂಬಬೇಕು ಅಂತಾನೆ. ಏನಾದರೂ ಗುರುತು ಬೇಕಂತೆ."

ನಫೀಸ ನಾಚಿಕೊಂಡು ಮೆಲ್ಲಗೆ, "ಬಾತುಕೋಳಿ ಕಳಿಸಿದ್ದಾಳೆ ಅಂತ ಕೂಗಲಿ" ಎಂದಳು. "ನನ್ನ ನಡಿಗೆ ಹಾಗಂತೆ. ಅರ್ಶದ್ ಒಬ್ಬನೇ ಹಾಗೆ ಕರೆಯುವುದು."

ಅಷ್ಟು ಹೆದರಿಕೆಯಲ್ಲೂ ಜಲಜಾಕ್ಷಿಗೆ ನಗು ಬಂತು. ಕ್ಯಾರೊಲಿನ್ ಅದನ್ನು ತಮ್ಮನಿಗೆ ಎರಡು ಸಲ ಹೇಳಬೇಕಾಯಿತು.

ಆಮೇಲೆ ಫೋನು ಕಡಿಯಿತು.

ಕಾಯುವುದು ಜಲಜಾಕ್ಷಿಗೆ ಹೊಸತಲ್ಲ. ಚಿಕ್ಕಂದಿನಲ್ಲಿ ಗಾಳಿ ಎದ್ದ ದಿನ ಅಪ್ಪನ ದೋಣಿ ಬರುವ ತನಕ ಹೆಂಗಸರೆಲ್ಲ ದಡದಲ್ಲಿ ಕೂತಿರುತ್ತಿದ್ದರು. ಆಗ ಅಜ್ಜಿ ಯಾರನ್ನೂ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ, ಹರಿದ ಬಲೆ ಕೈಗೆ ಕೊಡುತ್ತಿದ್ದಳು. ಜಲಜಾಕ್ಷಿ ಅಂಗಡಿಯಿಂದ ತಂದಿದ್ದ ಒಂದು ರಾಶಿ ಶರ್ಟುಗಳನ್ನು ನಡುವೆ ಸುರಿದು, "ಗುಂಡಿ ಹಾಕಿ" ಎಂದು ಇಬ್ಬರಿಗೂ ಸೂಜಿ ಕೊಟ್ಟಳು. ಅವರು ಹಾಕಿದರು. ನಫೀಸಳ ಬಾಯಲ್ಲಿ ಮೆಲ್ಲಗೆ ದುವಾ ನಡೆದಿತ್ತು, ಕ್ಯಾರೊಲಿನ್‌ಳ ಬಾಯಲ್ಲಿ ಜಪ. ನಡುವೆ ಕ್ಯಾರೊಲಿನ್‌ಳ ದಾರ ಕಡಿಯಿತು. ತುದಿ ಒದ್ದೆ ಮಾಡಿದರೂ ಸೂಜಿಗೆ ಪೋಣಿಸಲು ಆಗಲಿಲ್ಲ. ನಫೀಸ ತೆಗೆದುಕೊಂಡು ಪೋಣಿಸಿ ಕೊಟ್ಟಳು.

ಬಿಸಿಲು ಎದುರಿನ ಕಟ್ಟಡದ ಗಾಜಿನಿಂದ ಇಳಿದು ಹೋಗುವ ಹೊತ್ತಿಗೆ ರೇಮಂಡ್‌ನ ಫೋನು ಬಂತು. ಕ್ಯಾರೊಲಿನ್ ಹಲೋ ಎನ್ನಲೂ ಆಗದೆ ಸ್ಪೀಕರ್ ಒತ್ತಿದಳು. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಜಲಜಾಕ್ಷಿಗೆ ತಿಳಿಯಲಿಲ್ಲ. ಹೇಳಿದ್ದನ್ನು ಆಮೇಲೆ ಇಬ್ಬರೂ ಸೇರಿ ಅವಳಿಗೆ ಬಿಡಿಸಿ ಹೇಳಿದರು.

ಅವನು ಟಾರ್ಚನ್ನು ಮುಖಕ್ಕೆ ಹಿಡಿದು ನಡೆದಿದ್ದ. ಬೆಳಕಿಗೆ ಕಣ್ಣು ಕುರುಡಾಗಿ ಏನೂ ಕಾಣುತ್ತಿರಲಿಲ್ಲವಂತೆ. ಮಳೆಯಲ್ಲಿ "ಬಾತುಕೋಳಿ ಕಳಿಸಿದ್ದಾಳೆ, ಬಾತುಕೋಳಿ ಕಳಿಸಿದ್ದಾಳೆ" ಎಂದು ಕೂಗುತ್ತ ಹೋದ. ಬಹಳ ಹೊತ್ತು ಕಪ್ಪೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಅವನ ಕಾಲ ಬಳಿಯಿಂದಲೇ ಎಂಬಂತೆ ಒಬ್ಬ ಎದ್ದು ನಿಂತು, "ಅವಳು ಚೆನ್ನಾಗಿದ್ದಾಳಾ?" ಎಂದು ಕೇಳಿದ. ಅವನೇ ಅರ್ಶದ್.

ಮುಂದೆ ಒಡ್ಡು ಕುಸಿದಿತ್ತು, ಜೀಪು ಹೋಗುವಂತಿರಲಿಲ್ಲ. ಅರ್ಶದ್ ಜೀಪಿನೊಳಗೆ ಬಗ್ಗಿ ಹಾವು ಕಚ್ಚಿದವನ ಕಾಲು ನೋಡಿದ. ಹಿಂದೆ ತಿರುಗಿ ಸೀಟಿ ಹಾಕಿದ. ಜೊಂಡಿನೊಳಗಿಂದ ದೋಣಿ ಬಂತು. ಇಷ್ಟು ವರ್ಷ ಸೈನ್ಯ ಹುಡುಕಿ ಹುಡುಕಿ ಸೋತಿದ್ದ ಆ ನೀರುಹಾದಿಯಲ್ಲಿ, ಸೈನಿಕನನ್ನು ಮಲಗಿಸಿಕೊಂಡು, ರೇಮಂಡ್‌ನನ್ನೂ ಕೂರಿಸಿಕೊಂಡು, ಅವರೇ ಹುಟ್ಟು ಹಾಕಿ ಪೇಟೆಯ ಆಸ್ಪತ್ರೆಯ ಹಿಂಬದಿಗೆ ಮುಟ್ಟಿಸಿದರು. ಔಷಧ ಸಮಯಕ್ಕೆ ಸಿಕ್ಕಿತು. ಅವನು ಬದುಕಿಕೊಂಡ.

ಕ್ಯಾರೊಲಿನ್ ನಫೀಸಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನಫೀಸ ಅಳಲಿಲ್ಲ. ಗಂಡ ಇನ್ನು ಏನನ್ನುತ್ತಾನೋ ಎಂಬ ಚಿಂತೆ ಅವಳಿಗೆ.

ಅರ್ಶದ್ ಸುಮಾರು ದಿನ ಫೋನ್ ಮಾಡಲಿಲ್ಲ. ಮಾಡಿದಾಗ ಸಿಟ್ಟಿನಲ್ಲಿದ್ದ. ಯಾರಿಗೂ ತಿಳಿಯದಿದ್ದ ದಾರಿ ಬಯಲಾಯಿತು, ನೆಲೆ ಬದಲಾಯಿಸಬೇಕಾಯಿತು, ಮೇಲಿನವರಿಂದ ಬೈಗಳು ತಿಂದದ್ದಾಯಿತು. "ಇನ್ನು ಹುಡುಗರೆಲ್ಲ ನನ್ನನ್ನು ಕಂಡರೆ ಬಾತುಕೋಳಿಯ ಹಾಗೆ ಕೂಗ್ತಾರೆ" ಎಂದ. ನಫೀಸ ಎಲ್ಲವನ್ನೂ ಕೇಳಿಸಿಕೊಂಡು, "ನೀನು ದೋಣಿ ಯಾಕೆ ಕೊಟ್ಟೆ? ನಾನು ಗುಂಡು ಹಾರಿಸಬೇಡ ಅಂತ ಮಾತ್ರ ಹೇಳಿ ಕಳಿಸಿದ್ದು" ಎಂದಳು.

"ಹಾವು ಕಚ್ಚಿದವನ ವಯಸ್ಸು ನೋಡಿದೆ" ಎಂದ ಅರ್ಶದ್.

ಆಗ ಕ್ಯಾರೊಲಿನ್ ಕೈ ಚಾಚಿ ಫೋನು ಕೇಳಿದಳು. ವಿಲ್ಸನ್‌ನ ಹೆಸರು ಹೇಳಿದಳು, ಅವನು ಸತ್ತ ಒಡ್ಡಿನ ಹೆಸರು ಹೇಳಿದಳು, ಆ ವರ್ಷ ಹೇಳಿದಳು. ನಫೀಸ ಗೋಡೆಯ ಕಡೆ ಮುಖ ಮಾಡಿ ನಿಂತಳು.

"ನಾನು ಆ ವರ್ಷ ಬೇರೆ ಊರಿನ ತುಕಡಿಯಲ್ಲಿದ್ದೆ" ಎಂದ ಅರ್ಶದ್. "ಆದರೆ ಸುಳ್ಳು ಹೇಳುವುದಿಲ್ಲ ತಂಗಿ. ಅಲ್ಲಿಗೆ ಹೋಗು ಅಂದಿದ್ದರೆ ಹೋಗುತ್ತಿದ್ದೆ."

"ನಿಜ ಹೇಳಿದೆಯಲ್ಲ" ಎಂದು ಮಾತ್ರ ಅಂದು ಕ್ಯಾರೊಲಿನ್ ಫೋನನ್ನು ನಫೀಸಳಿಗೆ ಕೊಟ್ಟಳು. ಅಂದು ಸಂಜೆ ಒಬ್ಬಳೇ ಇಗರ್ಜಿಗೆ ಹೋಗಿ ಅಣ್ಣನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿ ಬಂದಳು.

ಕದನವಿರಾಮ ಇನ್ನೂ ಇದೆ. ಒಮ್ಮೊಮ್ಮೆ ದೂರದಲ್ಲೆಲ್ಲೋ ಗುಂಡಿನ ಸದ್ದಾಯಿತೆಂದು ಸುದ್ದಿ ಬರುತ್ತದೆ. ಆ ದಿನ ಕೋಣೆಯಲ್ಲಿ ಯಾರೂ ಸರಿಯಾಗಿ ಊಟ ಮಾಡುವುದಿಲ್ಲ. ತಪ್ಪು ಯಾರದೆಂದು ಯಾರೂ ಕೇಳುವುದಿಲ್ಲ.

ಚಳಿ ಶುರುವಾದಾಗ ನಫೀಸಳಿಗೆ ಜ್ವರ ಬಂತು. ಕ್ಯಾರೊಲಿನ್ ರಜೆ ಹಾಕಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಜಲಜಾಕ್ಷಿ ಅಂಗಡಿಯಿಂದ ಗಂಜಿ ಮಾಡಲೆಂದು ಮೇಲೆ ಬಂದಾಗ ಕೋಣೆಯೊಳಗಿಂದ ಜೋರು ಮಾತು ಕೇಳಿಸಿತು. ಕ್ಯಾರೊಲಿನ್ ಮಂಚದ ಅಂಚಿನಲ್ಲಿ ಕೂತು, ಒಂದು ಕೈಯಲ್ಲಿ ನಫೀಸಳ ಹಣೆಯ ಒದ್ದೆ ಬಟ್ಟೆ ತಿರುವುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಯಾರಿಗೋ ಬೈಯುತ್ತಿದ್ದಳು.

"ಯಾರಿಗೆ ಮಗಾ?"

"ಅರ್ಶದ್‌ಗೆ ಅಕ್ಕ. ಹೆಂಡತಿಗೆ ಹೀಗೆ ಜ್ವರ ಸುಡ್ತಾ ಇದೆ, ಫೋನು ಬಂದ್ ಮಾಡಿ ಜೊಂಡಿನಲ್ಲಿ ಕೂತಿದ್ದನಂತೆ. ನಮ್ಮ ರೇಮಂಡ್ ಹೋಗಿ ಹುಡುಕಿ ಹೇಳಬೇಕಾಯ್ತು."

ನಫೀಸ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು. ಜಲಜಾಕ್ಷಿ ಅಕ್ಕಿ ತೊಳೆಯಲು ಒಳಗೆ ಹೋದಳು.