ಹೊಸ ಕಾರ್ಡು ಬರುವ ತನಕ

ಟ್ರೇಲರ್ ನಿಂತೇಬಿಟ್ಟಿತು. ಬ್ರೇಕು ಹಾಕಿರಲಿಲ್ಲ, ಡೀಸೆಲ್ ಮುಗಿದಿರಲಿಲ್ಲ, ಪೊಲೀಸರು ಕೈ ತೋರಿಸಿರಲಿಲ್ಲ. ಅಲ್ ಐನ್ ಕಡೆ ಹೊರಟಿದ್ದ ಅಷ್ಟು ದೊಡ್ಡ ಗಾಡಿ, ಮರಳುದಿಬ್ಬಗಳು ಕೆಂಪಾಗತೊಡಗುವ ಜಾಗದಲ್ಲಿ, ಹೆದ್ದಾರಿಯ ನಟ್ಟನಡುವೆ ಒಂದು ಚಕ್ರವೂ ಅಲುಗದೆ ನಿಂತಿತು. ಅದರ ಜೊತೆಗೆ ಎದುರಿನ ಕಾರುಗಳೂ ಆಕಾಶದಲ್ಲಿದ್ದ ಒಂದು ಹಕ್ಕಿಯೂ ನಿಂತವು. ರೇವಣಸಿದ್ದಪ್ಪ ಸ್ಟೇರಿಂಗಿನಿಂದ ಕೈ ತೆಗೆದ. ಕುರ್ಚಿಗೆ ಒರಗಿ, ಅಡುಗೆಮನೆಯ ಕಡೆ ತಿರುಗಿ ಹೆಂಡತಿಗೆ ಚಹಾ ಇಡಲು ಹೇಳಿದ.

ಆ ಹೆದ್ದಾರಿ ಇದ್ದದ್ದು ಅಲ್ ನಹ್ದಾದ ಒಂದು ಫ್ಲ್ಯಾಟಿನ ಹಾಲಿನಲ್ಲಿ, ಮಗ ಪ್ರೀತಮನ ಕಂಪ್ಯೂಟರಿನ ಪರದೆಯ ಮೇಲೆ. ಲಾರಿ ಓಡಿಸುವ ಆಟವದು. ಯಾರೋ ಉತ್ಸಾಹಿಗಳು ಈ ಕೊಲ್ಲಿ ದೇಶದ ರಸ್ತೆಗಳನ್ನು ಕೂತು ಬಿಡಿಸಿ ಆ ಆಟಕ್ಕೆ ಸೇರಿಸಿದ್ದರು. ಪ್ರೀತಮ ಅಪ್ಪನಿಗೆಂದೇ ಪೆಡಲು ಸಮೇತ ಒಂದು ಸ್ಟೇರಿಂಗು ತಂದು ಮೇಜಿಗೆ ಬಿಗಿದಿದ್ದ. ಹತ್ತಿರಹತ್ತಿರ ಮೂವತ್ತು ವರ್ಷ ಜೆಬೆಲ್ ಅಲಿ ಬಂದರಿನಿಂದ ಕಬ್ಬಿಣ, ಸಿಮೆಂಟು ಹೇರಿಕೊಂಡು ಓಡಾಡಿದ ಡ್ರೈವರನಿಗೆ ಮೊದಲ ದಿನ ಇದು ಮಕ್ಕಳಾಟ ಅನ್ನಿಸಿ ನಗು ಬಂತು. ಮರುದಿನ ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ. ಅಲ್ಲಿಂದ ಮುಂದೆ ಗಾಡಿ ಓಡಿಸುವಾಗ ಫೋನು ಬಂದರೆ ಎತ್ತುತ್ತಿರಲಿಲ್ಲ. ಲೇನು ಬದಲಿಸುವ ಹೊತ್ತಿಗೆ ಚನ್ನಬಸವ್ವ ಏನಾದರೂ ಕೇಳಿದರೆ ಸಿಡುಕುತ್ತಿದ್ದ. ಹಾಲಿನಲ್ಲಿ ಕೂತ ಗಂಡನಿಗೂ ಇಷ್ಟೊಂದು ಟ್ರಾಫಿಕ್ಕೇ ಎಂದು ಆಕೆ ಸೊಸೆಯ ಮುಂದೆ ನಗುತ್ತಿದ್ದಳು.

ತೊಂದರೆ ಒಂದೇ. ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡು ಅನ್ನುತ್ತಾರೆ. ಪ್ರೀತಮನ ಕಂಪ್ಯೂಟರಿನಲ್ಲಿದ್ದ ಕಾರ್ಡಿಗೆ ವಯಸ್ಸಾಗಿತ್ತು. ಊರೊಳಗೆ ಹೇಗೋ ಏಗುತ್ತಿತ್ತು. ಕಣ್ಣಿಗೆ ಕಾಣುವಷ್ಟು ದೂರ ಮರಳು ಹರಡಿಕೊಂಡ ಕೂಡಲೇ ಅದಕ್ಕೆ ಏದುಸಿರು ಬಂದು, ಗಾಡಿ ಅಲ್ಲೇ ನಿಂತುಬಿಡುತ್ತಿತ್ತು. ರೇವಣಸಿದ್ದಪ್ಪನಿಗೋ ಬೇರೆ ಯಾವ ಊರೂ ಬೇಡ, ಅಲ್ ಐನ್ ಒಂದೇ ಬೇಕು. ಕೆಲಸದ ಕೊನೆಯ ದಿನ ಅಲ್ ಐನ್ ಲೋಡು ಅವನ ಪಾಲಿಗೇ ಬಂದಿತ್ತು. ಬೆಳಿಗ್ಗೆ ಟೈರುಗಳನ್ನೆಲ್ಲ ಬಡಿದು ನೋಡಿ, ಹಗ್ಗ ಬಿಗಿದು ಸಿದ್ಧನಾಗಿ ನಿಂತಿದ್ದವನನ್ನು ಆಫೀಸಿನವರು ಒಳಗೆ ಕರೆದರು. ವೀಸಾ ರದ್ದತಿಯ ಕಾಗದಕ್ಕೆ ಸಹಿ ಹಾಕಿಸಲು ಕೂರಿಸಿಕೊಂಡು, ಗಾಡಿಯ ಚಾವಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಕಳಿಸಿದರು. ಕಿಟಕಿಯಿಂದ ತನ್ನ ಗಾಡಿ ಗೇಟು ದಾಟುವುದನ್ನು ಅವನು ನೋಡಿದ. ಆ ಟ್ರಿಪ್ಪು ಮನಸ್ಸಿನಲ್ಲಿ ಹಾಗೇ ಉಳಿದಿತ್ತು.

ಚಹಾ ಕುಡಿಯುತ್ತ ಅವನು ಮಗನಿಗೆ ತನ್ನ ತೀರ್ಮಾನ ತಿಳಿಸಿದ. "ಒಂದ ಸಲ ಅಲ್ ಐನ್ ಮುಟ್ಟಿಸಿದ್ನಿ ಅಂದ್ರ ಖಲಾಸ್. ಮರುದಿನಾನ ನಾನೂ ನಿಮ್ಮವ್ವಾನೂ ವಿಮಾನ ಹತ್ತತೀವಿ."

ಅವನದು ಕ್ಯಾಂಪಿನ ಕಾಯಿದೆ. ಕೆಲಸಗಾರರ ಆ ಕ್ಯಾಂಪಿನಲ್ಲಿ ಜೊತೆಗಿದ್ದವರೆಲ್ಲ ಹಾಗೇ ಮಾಡಿದ್ದರು. ವೀಸಾ ರದ್ದಾದ ವಾರದೊಳಗೆ ರಟ್ಟಿನ ಪೆಟ್ಟಿಗೆಗೆ ಸಾಮಾನು ತುಂಬಿ, ಹಗ್ಗ ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಹೊರಟುಬಿಡುತ್ತಿದ್ದರು. ದುಡಿಮೆ ಮುಗಿದ ಮೇಲೆ ಈ ದೇಶದಲ್ಲಿ ಕೂತು ಉಣ್ಣುವವನು ಅವನ ಕಣ್ಣಿನಲ್ಲಿ ಗಂಡಸೇ ಅಲ್ಲ, ಅದು ಮಗನ ಮನೆಯಾದರೂ ಸರಿ. ಪ್ರೀತಮ ಗದಗಿನಿಂದ ಅವ್ವನನ್ನು ಕರೆಸಿ, ಇಬ್ಬರಿಗೂ ವಿಸಿಟ್ ವೀಸಾ ಮಾಡಿಸಿದ್ದ. ಮಗ ಬೆನ್ನುಬಿದ್ದು ಕಾಡಿದ್ದಕ್ಕೆ ರೇವಣಸಿದ್ದಪ್ಪ ಇಷ್ಟು ದಿನವಾದರೂ ನಿಂತಿದ್ದ. ಒಂದು ಸಲ ಹೋಗುತ್ತೇನೆ ಅಂದರೆ ಹೋಗುವವನೇ ಅವನು. ಅದು ಪ್ರೀತಮನಿಗೆ ಚೆನ್ನಾಗಿ ಗೊತ್ತಿತ್ತು.

"ಈ ಕಾರ್ಡಿನ್ಯಾಗ ಅಲ್ ಐನ್ ಮುಟ್ಟೂದಿಲ್ಲಪ್ಪಾ," ಎಂದ ಪ್ರೀತಮ. "ಹೊಸಾದು ಬರೂದೈತಿ. ಅದು ಬರಲಿ. ಹಾಕಿಸಿ, ಒಮ್ಮೆ ಹೊಡದು, ಆಮ್ಯಾಲೆ ಹೋಗೀರಂತ."

ಮನೆಯೊಳಗೆ ಗಾಳಿಸುದ್ದಿಗಳು ಬಂದದ್ದು ಹೀಗೆ. ಸುದ್ದಿಯ ಮೂಲ ಕೀರ್ತನ್, ಅಲ್ ಕುಸೈಸಿನಲ್ಲಿ ಕಂಪ್ಯೂಟರ್ ಅಂಗಡಿ ನೋಡಿಕೊಳ್ಳುತ್ತಿದ್ದ ಕಾರ್ಕಳದವನು, ಪ್ರೀತಮನ ಗೆಳೆಯ. ಬರಲಿರುವುದು ನಡುವಿನ ದರ್ಜೆಯ ಕಾರ್ಡು. ದೊಡ್ಡದಕ್ಕೆ ಕೈ ಎಟುಕದು, ಸಣ್ಣದು ಸಾಲದು ಅನ್ನುವ ಸಂಬಳದಾರರೆಲ್ಲ ಅದಕ್ಕೇ ಕಾದು ಕೂತಿದ್ದರು. ಕಂಪನಿ ಬಾಯಿ ಬಿಟ್ಟಿರಲಿಲ್ಲ. ಕಂಪನಿ ಬಾಯಿ ಬಿಡದಿದ್ದರೆ ಊರಿಗೆಲ್ಲ ಬಾಯಿ ಬರುವುದು ಸಹಜ. ಒಬ್ಬ ಅದರ ಮೆಮೊರಿ ಎಂಟು ಅಂದ, ಇನ್ನೊಬ್ಬ ಹನ್ನೆರಡು ಅಂದ, ಮೂರನೆಯವನು ಹದಿನಾರಕ್ಕಿಂತ ಕಡಿಮೆಯಾದರೆ ತಾನು ಕೊಳ್ಳುವುದೇ ಇಲ್ಲವೆಂದು ಮುನಿಸಿಕೊಂಡ. ಯಾವುದೋ ಕಾರ್ಖಾನೆಯಿಂದ ಸೋರಿತೆಂದು ಒಂದು ಮಸುಕು ಫೋಟೊ ಬಂತು. ಎರಡು ಫ್ಯಾನೋ ಮೂರೋ ಎಂದು ಜಗತ್ತೇ ಅದನ್ನು ಹಿಗ್ಗಿಸಿ ನೋಡಿತು. ರಂಜಾನ್ ಮುಗಿದ ಕೂಡಲೇ ಬರುತ್ತದೆ ಅಂದರು. ಆಮೇಲೆ ಬೇಸಿಗೆಗೆ ಅಂದರು.

ರೇವಣಸಿದ್ದಪ್ಪ ಈ ಸುದ್ದಿಗಳಿಗೆ ಬೇಗ ಒಗ್ಗಿಕೊಂಡ. ಸಂಬಳ ಏರುತ್ತದಂತೆ, ರಜೆ ಹೆಚ್ಚಾಗುತ್ತದಂತೆ ಎಂಬ ಸುದ್ದಿಗಳ ನಡುವೆ ಕ್ಯಾಂಪಿನಲ್ಲಿ ಆಯುಷ್ಯ ಕಳೆದವನಿಗೆ ಯಾವುದನ್ನು ನಂಬಬೇಕು, ಯಾವುದನ್ನು ಚಹಾದ ಜೊತೆ ಮುಗಿಸಬೇಕು ಎಂಬುದು ತಿಳಿದಿತ್ತು. ಪ್ರೀತಮ ಕೆಲಸದಿಂದ ಬಂದು ಷೂ ಬಿಚ್ಚುವ ಮೊದಲೇ ಅಪ್ಪ ಇವತ್ತು ಏನಂತೆ ಎಂದು ಕೇಳುತ್ತಿದ್ದ. ಮಗ ಹೇಳುತ್ತಿದ್ದ, ಅಪ್ಪ ಅನುಮಾನಿಸುತ್ತಿದ್ದ, ಇಬ್ಬರೂ ಸೇರಿ ಫೋನಿನಲ್ಲಿ ಹಿಂದಿ ವಿಡಿಯೊ ನೋಡುತ್ತಿದ್ದರು. ಆ ಕಾರ್ಡು ಕರೆಂಟು ಎಷ್ಟು ಎಳೆಯುತ್ತದೆ, ಬೇಗ ಬಿಸಿಯಾಗುತ್ತದೋ ಹೇಗೆ ಎಂದು ಚನ್ನಬಸವ್ವನೂ ವಿಚಾರಿಸಿದಳು. ಬರುವವರು ನಮ್ಮ ಮನೆಗೆ ಹೊಂದಿಕೊಂಡು ಹೋಗುವ ಪೈಕಿಯೋ ಅಲ್ಲವೋ ಕೇಳಬೇಕಲ್ಲ ಎಂಬುದು ಆಕೆಯ ವಾದ. ಅಲ್ ಕುಸೈಸಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಸೊಸೆ ಮಾಧುರಿ, ಇಷ್ಟು ವಿಚಾರಣೆ ತನ್ನ ಮದುವೆಯ ಹೊತ್ತಿಗೂ ಆಗಿರಲಿಲ್ಲ ಎಂದು ಚೇಷ್ಟೆ ಮಾಡಿದಳು.

ಹೀಗೆ ಸುದ್ದಿ ಮುಂದೆ ಹೋದಂತೆ ಏಜಂಟನ ಮೂಲಕ ಇಬ್ಬರ ವೀಸಾದ ಅವಧಿಯೂ ಒಂದು ಸಲ ಮುಂದೆ ಹೋಯಿತು. ಪ್ರೀತಮ ಸುಖವಾಗಿದ್ದ. ಅವನು ಬೆಳೆದದ್ದು ಗದಗಿನ ಬೆಟಗೇರಿಯಲ್ಲಿ, ಅವ್ವನ ಜೊತೆ. ಅಪ್ಪ ಎಂದರೆ ಎರಡು ವರ್ಷಕ್ಕೊಮ್ಮೆ ಬಂದು ತಿಂಗಳು ಇದ್ದು ಹೋಗುವ, ಅತ್ತರಿನ ವಾಸನೆಯ ಒಬ್ಬ ನೆಂಟ. ಹುಡುಗನ ಸಂಕೋಚ ಹರಿದು ಮಡಿಲಿಗೆ ಬರುವ ಹೊತ್ತಿಗೆ ಅಪ್ಪನ ರಜೆ ಮುಗಿದಿರುತ್ತಿತ್ತು. ತಾನೂ ಕೆಲಸ ಹಿಡಿದು ಇದೇ ದೇಶಕ್ಕೆ ಬಂದ ಮೇಲೂ ಅಪ್ಪ ಕ್ಯಾಂಪು ಬಿಟ್ಟು ಬರಲಿಲ್ಲ. ಶುಕ್ರವಾರ ಬಂದು ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದ. ಈಗ ಬೆಳಿಗ್ಗೆ ಬಚ್ಚಲಿನಲ್ಲಿ ಅಪ್ಪ ಜೋರಾಗಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ಮಲಗಿದಲ್ಲಿಗೇ ಕೇಳುತ್ತಿತ್ತು. ಆ ಸದ್ದು ಕೇಳಿ ಇನ್ನೈದು ನಿಮಿಷ ಮಲಗಿರುವುದರಲ್ಲಿ ಪ್ರೀತಮನಿಗೆ ಎಂಥದೋ ನೆಮ್ಮದಿ. ಹಗ್ಗ ಸುತ್ತಿದ ಪೆಟ್ಟಿಗೆಯ ಹಿಂದೆ ಇನ್ನೊಮ್ಮೆ ವಿಮಾನ ನಿಲ್ದಾಣಕ್ಕೆ ಹೋಗುವುದು ತನ್ನಿಂದಾಗದು ಎಂದು ಅವನಿಗೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಕಾರ್ಡು ಬಂದೇಬಿಟ್ಟಿತು. ಗಾಳಿಸುದ್ದಿಗಳಲ್ಲಿ ಅರ್ಧ ನಿಜವಾದವು, ಅರ್ಧ ಸುಳ್ಳಾದವು, ಮೂರನೆಯವನು ಮುನಿಸು ಬಿಟ್ಟು ಕೊಂಡುಕೊಂಡ. ಕೀರ್ತನ್ ಪ್ರೀತಮನ ಆಫೀಸಿಗೆ ಫೋನು ಮಾಡಿ, ಬೇಕಾದಷ್ಟು ಮಾಲು ಬಂದಿದೆ, ಸಂಜೆ ಬಾ ಎಂದ. ಪ್ರೀತಮ ಹೋದ. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದ. ಇದನ್ನು ಮನೆಗೆ ಒಯ್ದರೆ ನಾಳೆಯೇ ಅಪ್ಪ ಅಲ್ ಐನ್ ಮುಟ್ಟುತ್ತಾನೆ, ನಾಡಿದ್ದು ಪೆಟ್ಟಿಗೆ ಕಟ್ಟುತ್ತಾನೆ. ಇಷ್ಟು ದಿನ ಬರಲಿ ಬರಲಿ ಎಂದು ಕಾಯುತ್ತಿದ್ದ ವಸ್ತು ಕೈಗೆ ಬಂದಾಗ ಅವನಿಗೆ ಬೇಡವಾಯಿತು. ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಟ.

ಮನೆಗೆ ಬಂದು, ಬಗ್ಗಿ ಷೂ ಬಿಚ್ಚುತ್ತ, "ಸ್ಟಾಕ್ ಇಲ್ಲಂತಪ್ಪಾ. ಬಂದಂಗನ ಖಾಲಿ ಆಗ್ಯಾವಂತ," ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೀಗೆ ಷೂಗಳಿಗೆ ಹೇಳುವುದುಂಟು. ರೇವಣಸಿದ್ದಪ್ಪ ಹೌದೇ ಎಂದು ಕೇಳಿ ಸ್ಟೇರಿಂಗಿನ ಕಡೆ ತಿರುಗಿದ.

ಮಾಧುರಿಗೆ ಮಾತ್ರ ಗಂಡನ ಮುಖ ಓದಲು ಬರುತ್ತಿತ್ತು. ಅಡುಗೆಮನೆಯಲ್ಲಿ ಬಾಯಿ ಬಿಡಿಸಿದಳು. ಎಲ್ಲ ಕೇಳಿದ ಮೇಲೆ ದನಿ ತಗ್ಗಿಸಿ, "ಇರ್ರಿ ಅಂತ ನೆಟ್ಟಗ ಮಾವಾರಿಗೆ ಹೇಳಬಾರದೇನ್ರಿ? ಎಷ್ಟ ದಿನಾ ಕಾರ್ಡಿನ ನೆಪಾ ಹೇಳ್ತೀರಿ?" ಎಂದಳು.

"ಸಣ್ಣಾಂವ ಇದ್ದಾಗ ಒಮ್ಮೆ ಹೇಳಿದ್ನಿ. ಹೋಗಬ್ಯಾಡಪ್ಪಾ ಅಂತ ಕಾಲು ಹಿಡಕೊಂಡಿದ್ನಿ." ಪ್ರೀತಮ ನಲ್ಲಿ ತಿರುಗಿಸಿ ಕೈ ತೊಳೆಯುತ್ತ ನಿಂತ. "ಹ್ವಾದ. ಅವನರ ಏನ್ ಮಾಡ್ತಿದ್ದ, ಹೋಗಲೇಬೇಕಿತ್ತು. ಖರೇ ನನಗ ಇನ್ನೊಮ್ಮೆ ಕೇಳೂ ಧೈರ್ಯಾ ಇಲ್ಲ."

ಮಾಧುರಿ ಟವೆಲು ತಂದು ಕೊಟ್ಟಳು.

ವೀಸಾದ ದಿನಗಳು ಮುಗಿಯುತ್ತ ಬಂದವು. ಹಾಲಿನಲ್ಲಿ ರೇವಣಸಿದ್ದಪ್ಪ ಅದೇ ದಿಬ್ಬಗಳ ಹತ್ತಿರ ನಿಲ್ಲುತ್ತಿದ್ದ, ಚಹಾ ಕೇಳುತ್ತಿದ್ದ. ಒಂದು ಬೆಳಿಗ್ಗೆ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಗೆ ಹೇಳಿ, ಅಲ್ ಕುಸೈಸಿಗೆ ಹೊರಟ. ಅಂಗಡಿಯಲ್ಲಿ ಒಂದು ಕಾರ್ಡಾದರೂ ಉಳಿದಿದ್ದರೆ ತಾನೇ ತಂದು ಮಗನನ್ನು ಬೆರಗುಗೊಳಿಸಬೇಕು ಎಂಬ ಆಸೆ ಅವನಿಗೆ. ತನಗಾಗಿ ಹುಡುಗ ಎಷ್ಟು ಅಲೆಯುತ್ತಿದ್ದಾನೆ ಎಂದು ಅವನ ಮನಸ್ಸು ನೊಂದಿತ್ತು.

ಅಂಗಡಿಯ ಗಾಜಿನ ಹಿಂದೆ ಆ ಕಾರ್ಡಿನ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಪೇರಿಸಿಟ್ಟಿದ್ದರು. ವಿಡಿಯೊಗಳಲ್ಲಿ ನೋಡಿ ನೋಡಿ ಆ ಚಿತ್ರ ಅವನಿಗೆ ಕಂಠಪಾಠವಾಗಿತ್ತು. ಕೀರ್ತನ್ ಗುರುತು ಹಿಡಿದು ಸ್ಟೂಲು ಎಳೆದು ಕೂರಿಸಿದ, ನೀರು ಕೊಟ್ಟ. ಇದು ಯಾವಾಗ ಬಂತೆಂದು ರೇವಣಸಿದ್ದಪ್ಪ ಕೇಳಿದ.

"ಮೊದಲ ದಿನದಿಂದ್ಲೇ ಉಂಟಲ್ಲ ಅಂಕಲ್. ನಾನೇ ಫೋನ್ ಮಾಡಿ ಹೇಳಿದ್ದು ಪ್ರೀತಮನಿಗೆ. ಅವತ್ತೇ ಬಂದಿದ್ದ. ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ನಿಂತ, ಮತ್ತೆ ಅಲ್ಲೇ ಇಟ್ಟು ಹೋದ ಮಾರಾಯ್ರೆ. ಎಂತ ಆಯ್ತು ಅಂತ ಗೊತ್ತಾಗ್ಲಿಲ್ಲ ನಂಗೆ."

ರೇವಣಸಿದ್ದಪ್ಪ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ಮಗನಿಗೆ ದುಡ್ಡಿನ ಅಡಚಣೆ ಏನಾದರೂ ಇತ್ತೇ ಎಂದು ಕೇಳಿದ. ಛೆ, ಅದೆಲ್ಲ ಇಲ್ಲ, ಬೆಲೆ ಕೇಳಲೂ ಇಲ್ಲ ಅವನು ಎಂದು ಕೀರ್ತನ್ ಹೇಳಿದ. ಷೂ ಬಿಚ್ಚುತ್ತ ಬಗ್ಗಿದ್ದ ಮಗನ ಬೆನ್ನು, ತನ್ನ ಕಡೆ ತಿರುಗದ ಮುಖ ಈಗ ರೇವಣಸಿದ್ದಪ್ಪನ ಕಣ್ಣಿಗೆ ಕಟ್ಟಿತು. ಎದ್ದು ಹೋಗಿ ಗಾಜಿನ ಮುಂದೆ ಸುಮ್ಮನೆ ನಿಂತುಕೊಂಡ.

ಒಂದು ಕಟ್ಟಿ ಕೊಡಲೇ ಎಂದು ಕೀರ್ತನ್ ಕೇಳಿದ.

"ಬ್ಯಾಡ ತಮ್ಮಾ. ಅಲ್ಲೇ ಇರಲಿ," ಎಂದ ರೇವಣಸಿದ್ದಪ್ಪ. ಬಾಗಿಲ ತನಕ ಹೋಗಿ ತಿರುಗಿದ. "ಇದರ ಮುಂದಿಂದು ಯಾವಾಗ ಬರ್ತೈತಿ?"

"ಅದು ಬರುವ ವರ್ಷ ಅಂತ ಸುದ್ದಿ ಅಂಕಲ್. ಗ್ಯಾರಂಟಿ ಇಲ್ಲ."

ಮಧ್ಯಾಹ್ನ ಕೀರ್ತನ್ ಪ್ರೀತಮನಿಗೆ ಫೋನು ಮಾಡಿ, ನಿಮ್ಮಪ್ಪ ಬಂದಿದ್ದರು, ಎಲ್ಲ ನೋಡಿಕೊಂಡು ಹೋದರು ಎಂದು ಸಹಜವಾಗಿ ತಿಳಿಸಿದ. ಸಂಜೆ ಮನೆಯ ಬಾಗಿಲು ತೆಗೆದಾಗ ಪ್ರೀತಮನ ಕಣ್ಣು ಹುಡುಕಿದ್ದು ರಟ್ಟಿನ ಪೆಟ್ಟಿಗೆಗಾಗಿ. ಪೆಟ್ಟಿಗೆ ಇರಲಿಲ್ಲ. ಅಪ್ಪ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂತಿದ್ದ. ಪ್ರೀತಮ ಕೈಕಾಲು ತೊಳೆದು ಬಂದು ಎದುರಿಗೆ ಕೂತ. ಚನ್ನಬಸವ್ವ ಇಬ್ಬರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಮಾಧುರಿ ಮಜ್ಜಿಗೆಯ ತಂಬಿಗೆ ತಂದಿಟ್ಟು ಅಲ್ಲೇ ನಿಂತಳು.

"ಇವತ್ತ ಕೀರ್ತನನ ಅಂಗಡಿಗೆ ಹೋಗಿದ್ನಿ," ಎಂದ ರೇವಣಸಿದ್ದಪ್ಪ.

ಪ್ರೀತಮ ತಲೆ ಎತ್ತಲಿಲ್ಲ.

"ಕಾರ್ಡ ಕೇಳಿದ್ನಿ. ಸ್ಟಾಕ್ ಇಲ್ಲಂತ." ರೇವಣಸಿದ್ದಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದ. "ನೀ ಹೇಳಿದಂಗನ. ಒಂದೂ ಇಲ್ಲ. ಬರೂ ವರ್ಷದ ಮಟಾ ಕಾಯಬೇಕಾಗತೈತಿ ಅಂದಾ."

ಪ್ರೀತಮನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಹೌದು ಎಂಬಂತೆ ತಲೆಯಾಡಿಸಿದ.

"ಮತ್ತ ಆ ವೀಸಾದ ಏಜಂಟಗ ನಾಳಿ ಒಂದ್ ಫೋನ್ ಹಚ್ಚು," ಎಂದ ಅಪ್ಪ, ತಾಟಿನ ಕಡೆಗೇ ನೋಡುತ್ತ. "ಇಬ್ಬರದೂ ಮುಂದಕ್ಕ ಹಾಕಂತ ಹೇಳು."

ಚನ್ನಬಸವ್ವ ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು. ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಗಂಡನ ತಾಟಿಗೆ ಹಾಕಿದಳು. ಅವನು ಬೇಡ ಅನ್ನಲಿಲ್ಲ.